ಅಪ್ಪಯ್ಯನ ತಾಳಮದ್ದಳೆಗೆ ಲ್ಯಾಪ್‌ಟಾಪ್ ಸೌಂಡ್ ಸಾಲ್ತಿಲ್ಲ, ಯಾವ ತರದ ಪೋರ್ಟಬಲ್ ಸ್ಪೀಕರ್ ತಗೊಳ್ಳೋದು?

ಕುಮಟೆಮಾಣಿ:

ಎಲ್ರಿಗೂ ನಮಸ್ಕಾರ. ನಮ್ಮ ಅಪ್ಪಯ್ಯ ದಿನಾ ಸಂಜೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಯೂಟ್ಯೂಬ್ ಹಾಕ್ಕೊಂಡು ತಾಳಮದ್ದಳೆ (ವೇಷ, ಕುಣಿತ ಇಲ್ದೆ ಕೂತೇ ನಡೆಸೋ ಯಕ್ಷಗಾನ) ಕೇಳ್ತಾರೆ, ಮೊಬೈಲ್ ಕೊಟ್ರೆ ಅಕ್ಷರ ಕಾಣಲ್ಲ, ಎಲ್ಲೆಲ್ಲೋ ಒತ್ತಿಹೋಗುತ್ತೆ ಅಂತ ಲ್ಯಾಪ್‌ಟಾಪೇ ಬೇಕು. ಸಮಸ್ಯೆ ಏನಂದ್ರೆ ವಾಲ್ಯೂಮ್ ನೂರಕ್ಕೆ ನೂರು ಇಟ್ರೂ ಅರ್ಥಧಾರಿಗಳ (ಪಾತ್ರವಾಗಿ ಮಾತಾಡುವವ್ರ) ಮಾತು ಅವ್ರಿಗೆ ಸರಿಯಾಗಿ ಕೇಳಲ್ಲ, ಅದೇ ಏರುಪದ್ಯಕ್ಕೆ ಚಂಡೆ ಬಿತ್ತು ಅಂದ್ರೆ ಇಡೀ ಮನೆ ಕಿತ್ತುಹೋಗೋ ಹಾಗೆ ಕಿರಗುಟ್ಟುತ್ತೆ, ಒಳಗಿಂದ ಆಯಿ ಕೂಗ್ತಾರೆ, ಅಪ್ಪಯ್ಯ ಕನ್ನಡಕ ಹುಡುಕಿ ವಾಲ್ಯೂಮ್ ಇಳಿಸೋ ಹೊತ್ತಿಗೆ ಪದ್ಯ ಮುಗಿದು ಮಾತು ಶುರುವಾಗಿರುತ್ತೆ, ಮತ್ತೆ ಏರಿಸ್ಬೇಕು. ಮದ್ದಳೆಯಂತೂ ಖಾಲಿ ಎಣ್ಣೆಡಬ್ಬ ಬಡಿದ ಹಾಗೆ ಕೇಳುತ್ತೆ.

ಅದಕ್ಕೆ ಹೊರಗಡೆ ಸ್ಪೀಕರ್ ಒಂದು ತರೋಣ ಅಂತ. ಬಜೆಟ್ 3000 ಒಳಗೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತಲ್ಲ, ಸಂಜೆ ಹೋದ್ರೆ ರಾತ್ರಿ ಬಂದ್ರೆ ಬಂತು, ಹಾಗಾಗಿ ಬ್ಯಾಟರಿ ಇರೋದೇ ಆಗ್ಬೇಕು. ಹೆಡ್‌ಫೋನ್ ಹಾಕಲ್ಲ, ಕೇಳೋದೂ ಬೇಡ ಆ ವಿಷಯ. ಅಂಗಡಿಯವ್ರು 20 ವ್ಯಾಟ್‌ದು ತೋರಿಸಿ "ಬೇಸ್ ಸಖತ್ತಾಗಿದೆ, ತಗೊಳ್ಳಿ" ಅಂದ್ರು. ನನಗೆ ಗೊತ್ತಾಗ್ಬೇಕಿರೋದು, ವ್ಯಾಟ್ ಜಾಸ್ತಿ ಆದ್ರೆ ಮಾತು ಚೆನ್ನಾಗಿ ಕೇಳುತ್ತಾ, ಬ್ಲೂಟೂತ್ ಒಳ್ಳೇದಾ ವೈರ್ ಒಳ್ಳೇದಾ, ಒಂದು ಸಾಕಾ ಎರಡು ಬೇಕಾ.

ಬಸ್‌ಸ್ಟ್ಯಾಂಡ್ ಬಸ್ಯಾ:

ಇಷ್ಟೆಲ್ಲಾ ಯಾಕ್ ಯೋಚ್ನೆ ಮಾಡ್ತೀರಿ ಮಾರಾಯ್ರೆ, 20 ವ್ಯಾಟ್‌ದೇ ತಗೊಳ್ಳಿ ಕಣ್ಮುಚ್ಕೊಂಡು. ನಮ್ಮನೇಲಿ ಇದೆ, ಹಾಡು ಹಾಕಿದ್ರೆ ಪಕ್ಕದ ಮನೆ ಕಿಟಕಿ ನಡುಗುತ್ತೆ.

ಶ್ರುತಿಪೆಟ್ಟಿಗೆ:

ಬಸ್ಯಣ್ಣ, ಕಿಟಕಿ ನಡುಗೋದು ಗಣಪತಿ ಹಬ್ಬಕ್ಕೆ ಸರಿ, ಇಲ್ಲಿ ಬೇಕಾಗಿರೋದು ಮಾತು.

ಕುಮಟೆಯವ್ರೆ, ಲ್ಯಾಪ್‌ಟಾಪ್ ಒಳಗೆ ಇರೋದು ಚಿಕ್ಕ ಚಿಕ್ಕ ಎರಡು ಸ್ಪೀಕರ್, ಸಾಮಾನ್ಯವಾಗಿ ಒಂದೊಂದು 2 ವ್ಯಾಟ್ ಆಸುಪಾಸು, ಅದೂ ಎಷ್ಟೋ ಮಾಡೆಲ್‌ನಲ್ಲಿ ಕೆಳಗಡೆ ಮುಖ ಮಾಡಿರುತ್ತೆ, ಹಾಸಿಗೆ ಮೇಲೋ ದಿಂಬಿನ ಮೇಲೋ ಇಟ್ರೆ ಇರೋ ಸದ್ದೂ ಬಟ್ಟೆ ಒಳಗೇ ಹೋಗುತ್ತೆ. ಅಷ್ಟು ಸಣ್ಣ ಕೋನ್‌ಗೆ ಗಾಳಿ ತಳ್ಳೋ ತಾಕತ್ತಿಲ್ಲ, ಸುಮಾರು 200 ಹರ್ಟ್ಜ್‌ಗಿಂತ ಕೆಳಗೆ ಬರೋದು ತೀರಾ ಕಮ್ಮಿ. ಮದ್ದಳೆಯ ದಪ್ಪ ನಾದ ಇರೋದು ಅಲ್ಲೇ, ಅದು ಹೋಗಿ ಬರೀ ಟಕಟಕ ಉಳಿಯುತ್ತೆ. ಚಂಡೆ ಪೆಟ್ಟು ಮೇಲಿನದ್ದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ, ಸೀದಾ ಕಿವಿಗೆ ಬರುತ್ತೆ.

ಈಗ ಬೇಸ್ ವಿಷಯ. ವಯಸ್ಸಾದವ್ರಿಗೆ ಮೊದ್ಲು ಕಮ್ಮಿ ಆಗೋದು ಮೇಲಿನ ಫ್ರೀಕ್ವೆನ್ಸಿ ಕೇಳೋ ಶಕ್ತಿ, ಮತ್ತೆ ಸ, ಶ, ತ, ಕ ಇವುಗಳ ಸ್ಪಷ್ಟತೆ ಬಹುಪಾಲು 2000 ಹರ್ಟ್ಜ್ ಮೇಲೇ ಇರೋದು. ಅದಕ್ಕೇ ಅವ್ರು "ಸದ್ದು ಕೇಳುತ್ತೆ, ಏನ್ ಹೇಳ್ತಾರೆ ಅಂತ ಗೊತ್ತಾಗಲ್ಲ" ಅನ್ನೋದು. ಇಂಥಾ ಕಿವಿಗೆ ಬೇಸ್ ಜಾಸ್ತಿ ಇರೋ ಡಬ್ಬ ಕೊಟ್ರೆ ಮದ್ದಳೆ ಬರುತ್ತೆ, ಅದರ ಗುಂಯ್‌ಗುಡುವಿಕೆಯಲ್ಲಿ ಅರ್ಥ ಮುಳುಗಿಹೋಗುತ್ತೆ. ಅಂಗಡಿಗೆ ಹೋದಾಗ ಅವ್ರು ಹಾಕೋ ಸಿನಿಮಾ ಹಾಡು ಕೇಳಿ ಮರುಳಾಗ್ಬೇಡಿ, ನಿಮ್ಮ ಫೋನಿಂದ ಅಪ್ಪಯ್ಯ ಕೇಳೋ ಪ್ರಸಂಗದ್ದೇ ತುಣುಕು ಹಾಕಿಸಿ, ಸಂವಾದ ಇರೋ ಭಾಗ, ಆಗುತ್ತೆ ಅಂದ್ರೆ ಅವ್ರನ್ನೇ ಕರ್ಕೊಂಡು ಹೋಗಿ.

ವ್ಯಾಟ್ ಬಗ್ಗೆ ಒಂದೇ ಲೆಕ್ಕ ನೆನಪಿಟ್ಕೊಳ್ಳಿ. ವ್ಯಾಟ್ ಎರಡರಷ್ಟು ಮಾಡಿದ್ರೆ ಸಿಗೋದು 3 ಡೆಸಿಬೆಲ್, ಕಿವಿಗೆ "ಸ್ವಲ್ಪ ಜಾಸ್ತಿ ಆಯ್ತಾ" ಅನ್ನಿಸೋಷ್ಟು. ಅದೇ ಸ್ಪೀಕರ್‌ನ 2 ಮೀಟರ್ ದೂರದಿಂದ 1 ಮೀಟರ್‌ಗೆ ತಂದ್ರೆ 6 ಡೆಸಿಬೆಲ್ ಹತ್ರ ಸಿಗುತ್ತೆ (ಕೋಣೆ ಒಳಗೆ ಗೋಡೆ ಪ್ರತಿಫಲನ ಇರೋದ್ರಿಂದ ಸ್ವಲ್ಪ ಕಮ್ಮಿ). ಅಂದ್ರೆ 5 ವ್ಯಾಟ್‌ದು ಹತ್ರ ಇಟ್ಟಿದ್ದು 20 ವ್ಯಾಟ್‌ದು ದೂರ ಇಟ್ಟಿದ್ದಕ್ಕೆ ಹೆಚ್ಚುಕಮ್ಮಿ ಸಮ, ಮೇಲಾಗಿ ಆಯಿ ಇರೋ ಕಡೆ ಸದ್ದು ಹೋಗಲ್ಲ. ಪೋರ್ಟಬಲ್ ತಗೊಳ್ಳೋದ್ರ ನಿಜವಾದ ಲಾಭ ಇದೇ, ಲ್ಯಾಪ್‌ಟಾಪ್ ಮೇಜಿನ ಮೇಲಿರ್ಲಿ, ಸ್ಪೀಕರ್ ಆರಾಮ ಕುರ್ಚಿ ಪಕ್ಕ ಸ್ಟೂಲ್ ಮೇಲೆ, ಮುಖ ಕಿವಿ ಕಡೆ. ಮೂಲೆಗೆ ತಳ್ಳಿ ಇಡ್ಬೇಡಿ, ಮೂಲೆಯಲ್ಲಿ ಬೇಸ್ ಇನ್ನೂ ಉಬ್ಬುತ್ತೆ.

ಎರಡು ಬೇಡ, ಒಂದೇ ಸಾಕು. ಹಳೇ ಕ್ಯಾಸೆಟ್‌ನಿಂದ ಏರಿಸಿದ ರೆಕಾರ್ಡಿಂಗ್ ಹೆಚ್ಚಿನವು ಮೋನೋನೇ, ಅಂದ್ರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು. ಕೆಲವದ್ರಲ್ಲಿ ಸದ್ದು ಒಂದೇ ಕಡೆ ಬರುತ್ತೆ, ಅಂಥದ್ದು ಸಿಕ್ರೆ ವಿಂಡೋಸ್ 11ರ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಆಡಿಯೋ ಕೆಳಗೆ ‘ಮೋನೋ ಆಡಿಯೋ’ ಆನ್ ಮಾಡಿ.

ಇನ್ನು ಚಂಡೆ ಜೋರು ಮಾತು ಸಣ್ಣ ಅನ್ನೋದು ಸ್ಪೀಕರ್ ಬದಲಿಸಿದ್ರೂ ಪೂರ್ತಿ ಹೋಗಲ್ಲ, ಅದು ರೆಕಾರ್ಡಿಂಗ್‌ನಲ್ಲೇ ಇರೋದು. ಯೂಟ್ಯೂಬ್‌ನಲ್ಲಿ ಗಿಯರ್ ಗುರುತು ಒತ್ತಿದ್ರೆ ಕೆಲವು ವಿಡಿಯೋಗೆ ‘ಸ್ಟೇಬಲ್ ವಾಲ್ಯೂಮ್’ ಅಂತ ಬರುತ್ತೆ, ಆನ್ ಇದ್ಯಾ ನೋಡಿ. ವಿಂಡೋಸ್‌ನಲ್ಲೂ ಪ್ಲೇಬ್ಯಾಕ್ ಡಿವೈಸ್‌ನ ಪ್ರಾಪರ್ಟೀಸ್‌ಗೆ ಹೋದ್ರೆ ಎನ್‌ಹಾನ್ಸ್‌ಮೆಂಟ್ಸ್ ಅನ್ನೋದ್ರಲ್ಲಿ ‘ಲೌಡ್‌ನೆಸ್ ಈಕ್ವಲೈಸೇಶನ್’ ಇರುತ್ತೆ, ಎಲ್ಲಾ ಡ್ರೈವರ್‌ನಲ್ಲಿ ಇರಲ್ಲ, ಇದ್ರೆ ಟಿಕ್ ಹಾಕಿ, ಸಣ್ಣ ಸದ್ದನ್ನ ಮೇಲೆತ್ತಿ ದೊಡ್ಡದನ್ನ ತಗ್ಗಿಸುತ್ತೆ. ಸಂಗೀತಕ್ಕೆ ನಾನು ಇದನ್ನ ಯಾವತ್ತೂ ಹಾಕಲ್ಲ, ಜೀವ ಹೋಗುತ್ತೆ, ಆದ್ರೆ ಮಾತಿಗೆ ಬಲು ಉಪಯೋಗ. ದುಡ್ಡು ಖರ್ಚು ಮಾಡೋ ಮುಂಚೆ ಇದನ್ನ ಮಾಡಿ ನೋಡಿ.

ಸೋಲ್ಡರ್ ಸ್ವಾಮಿ:

ಮೇಲಿನವ್ರು ಹೇಳಿದ್ದಕ್ಕೆ ನನ್ನದೂ ಸೇರಿಸ್ತೀನಿ, ರಿಪೇರಿ ಅಂಗಡಿ ಇಟ್ಕೊಂಡಿರೋನು ನಾನು. ಡಬ್ಬದ ಮೇಲೆ ಪಿಎಂಪಿಒ (ಬರೀ ಜಾಹೀರಾತಿನ ಲೆಕ್ಕ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ರೆ ಅದನ್ನ ಓದ್ಲೇಬೇಡಿ, ಆರ್‌ಎಂಎಸ್, ಅಂದ್ರೆ ನಿರಂತರ ಕೊಡೋ ವ್ಯಾಟ್, ಎಷ್ಟು ಅಂತ ಕೇಳಿ. ಬ್ಯಾಟರಿ ಇಲ್ದೆ ಯುಎಸ್‌ಬಿ ಪವರ್‌ನಲ್ಲೇ ನಡೆಯೋ ಸ್ಪೀಕರ್‌ಗೂ ಅದೇ ಮಾತು, ಮಾಮೂಲಿ ಯುಎಸ್‌ಬಿ 2.0 ಪೋರ್ಟ್ ಕೊಡೋದು 5 ವೋಲ್ಟ್ 500 ಮಿಲಿಆಂಪ್, ಒಟ್ಟು ಎರಡೂವರೆ ವ್ಯಾಟ್, 3.0 ಆದ್ರೆ 900 ಮಿಲಿಆಂಪ್, ನಾಲ್ಕೂವರೆ ವ್ಯಾಟ್. ಒಳಗೆ ಹೋಗೋದೇ ಇಷ್ಟು ಅಂದ್ಮೇಲೆ ಹೊರಗೆ 10 ವ್ಯಾಟ್ ನಿರಂತರ ಎಲ್ಲಿಂದ ಬರುತ್ತೆ?

ಬ್ಲೂಟೂತ್ ಇರೋದು ತಗೊಂಡ್ರೂ ಆಕ್ಸ್ ಜ್ಯಾಕ್ (ಆಡಿಯೋ ವೈರ್ ಚುಚ್ಚೋ ತೂತು) ಇರೋದೇ ತಗೊಳ್ಳಿ, ಇತ್ತೀಚಿನ ಎಷ್ಟೋ ಮಾಡೆಲ್‌ನಲ್ಲಿ ಅದನ್ನ ತೆಗೆದುಹಾಕಿದಾರೆ, ನೋಡಿ ತಗೊಳ್ಬೇಕು. 3.5 ಎಂಎಂ ವೈರ್ ಚುಚ್ಚಿದ್ರೆ ಆಯ್ತು, ಪೇರಿಂಗ್ ಇಲ್ಲ ಪಾಸ್‌ಕೋಡ್ ಇಲ್ಲ, ವಯಸ್ಸಾದವ್ರಿಗೆ ಇದಕ್ಕಿಂತ ಸುಲಭ ಇಲ್ಲ. ಲ್ಯಾಪ್‌ಟಾಪ್ ವಾಲ್ಯೂಮ್ 80ರ ಹತ್ರ ಇಟ್ಟುಬಿಡಿ, ಆಮೇಲೆ ಅದನ್ನ ಮುಟ್ಟೋದೇ ಬೇಡ, ಏರಿಸೋದು ಇಳಿಸೋದು ಎಲ್ಲ ಸ್ಪೀಕರ್ ಮೇಲಿನ ಬಟನ್‌ನಲ್ಲಿ.

ವೈರ್ ಹಾಕಿದೋರು ನಮ್ಮ ಹತ್ರ ತರೋ ಕಂಪ್ಲೇಂಟ್ ಒಂದೇ, "ಗುಂಯ್ ಅನ್ನುತ್ತೆ, ಮೌಸ್ ಅಲ್ಲಾಡಿಸಿದ್ರೆ ಕಿರ್ ಅನ್ನುತ್ತೆ". ಬಿಚ್ಚಿ ನೋಡೋದೇ ಬೇಡ, ಹೆಚ್ಚಾಗಿ ಅದೇ ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದ ಸ್ಪೀಕರ್ ಚಾರ್ಜ್ ಮಾಡ್ತಾ ಇರ್ತಾರೆ, ಆಕ್ಸ್ ವೈರೂ ಅದೇ ಲ್ಯಾಪ್‌ಟಾಪ್‌ಗೆ ಚುಚ್ಚಿರ್ತಾರೆ. ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಲೂಪ್ ಆಗುತ್ತೆ, ಲ್ಯಾಪ್‌ಟಾಪ್ ಒಳಗಿನ ಗಲಾಟೆ ಎಲ್ಲ ಸ್ಪೀಕರ್‌ನಲ್ಲಿ ಬರುತ್ತೆ. ಚಾರ್ಜಿಂಗ್ ವೈರ್ ಕಿತ್ತು ಬರೀ ಬ್ಯಾಟರಿ ಮೇಲೆ ನಡೆಸಿ, ಸದ್ದು ಮಾಯ. ರಾತ್ರಿ ಬೇರೆ ಅಡಾಪ್ಟರ್‌ನಲ್ಲಿ ಚಾರ್ಜ್ ಹಾಕಿ, ತುಂಬಿದ್ಮೇಲೆ ತೆಗೀರಿ. ತಿಂಗಳುಗಟ್ಟಲೆ ಪ್ಲಗ್‌ನಲ್ಲೇ ಬಿಟ್ಟ ಸ್ಪೀಕರ್‌ಗಳು ಬ್ಯಾಟರಿ ಉಬ್ಬಿಕೊಂಡು ನಮ್ಮ ಟೇಬಲ್‌ಗೆ ಬರ್ತಾವೆ, ಉಬ್ಬಿದ್ದು ಕಂಡ್ರೆ ಚುಚ್ಚೋಕೆ ಹೋಗ್ಬೇಡಿ, ಬೆಂಕಿ ಹತ್ತುತ್ತೆ.

ಕುಮಟೆಮಾಣಿ:

ಶ್ರುತಿಪೆಟ್ಟಿಗೆಯವ್ರೆ, ಸ್ವಾಮಿಗಳೆ, ಇಬ್ರಿಗೂ ದೊಡ್ಡ ಥ್ಯಾಂಕ್ಸ್. ಲೌಡ್‌ನೆಸ್ ಅನ್ನೋದು ನಮ್ಮ ಲ್ಯಾಪ್‌ಟಾಪ್‌ನಲ್ಲಿ ಇದೆ, ಟಿಕ್ ಹಾಕಿದೆ, ಆಯಿ ಕೂಗೋದು ಕಮ್ಮಿ ಆಗಿದೆ. ಮಾತು ಪರವಾಗಿಲ್ಲ ಅಂತಾರೆ ಅಪ್ಪಯ್ಯ, ಆದ್ರೆ "ಭಾಗವತರ (ಪದ್ಯ ಹಾಡುವವ್ರ) ಸ್ವರ ಒಡೀತಿದೆ" ಅಂತ ಇನ್ನೊಂದು ತಕರಾರು, ಅದು ಸಣ್ಣ ಸ್ಪೀಕರ್‌ಗೆ ಜಾಸ್ತಿ ಲೋಡ್ ಆಗಿದ್ದಕ್ಕೇ ಇರ್ಬೇಕು ಅಲ್ವಾ. ವೈರ್ ಬಗ್ಗೆ ಒಂದೇ ಅನುಮಾನ, ಅಪ್ಪಯ್ಯನ ಕುರ್ಚಿ ಮೇಜಿಂದ ದೂರ ಇದೆ, ನಡುವೆ ಎಲ್ರೂ ಓಡಾಡೋ ದಾರಿ, ಯಾರಾದ್ರೂ ವೈರ್‌ಗೆ ಕಾಲು ಸಿಕ್ಕಿಸ್ಕೊಂಡ್ರೆ ಲ್ಯಾಪ್‌ಟಾಪೂ ಹೋಯ್ತು ಮನುಷ್ಯನೂ ಹೋದ. ಬ್ಲೂಟೂತ್ ಆದ್ರೆ ಮಾತು ಹಿಂದೆಮುಂದೆ ಆಗುತ್ತೆ ಅಂತಾರಲ್ಲ, ಅದು ತುಂಬಾ ಇರುತ್ತಾ? ಭಾನುವಾರ ಮಗಳು ವಿಡಿಯೋ ಕಾಲ್ ಮಾಡ್ತಾಳೆ, ಅದಕ್ಕೂ ಇದೇ ಸ್ಪೀಕರ್ ನಡೆಯುತ್ತಾ?

ಆನ್‌ಲೈನ್ ಟೀಚರಮ್ಮ:

ವಿಡಿಯೋ ಕಾಲ್ ವಿಷಯ ನಾನು ಹೇಳ್ತೀನಿ, ದಿನಾ ಕ್ಲಾಸ್ ಮಾಡೋಳು. ಬ್ಲೂಟೂತ್ ಸ್ಪೀಕರ್‌ನಲ್ಲಿ ಮೈಕ್ ಇದ್ರೆ, ಕಾಲ್ ಶುರುವಾದ ತಕ್ಷಣ ಚೆನ್ನಾಗಿದ್ದ ಸೌಂಡ್ ದಿಢೀರಂತ ಹಳೇ ಲ್ಯಾಂಡ್‌ಲೈನ್ ಫೋನ್ ತರ ಆಗಿಬಿಡುತ್ತೆ, ಎಲ್ರೂ ಸ್ಪೀಕರ್ ಕೆಟ್ಟೋಯ್ತು ಅಂತ ವಾಪಸ್ ಕೊಡೋಕೆ ಓಡ್ತಾರೆ. ಕೆಟ್ಟಿರಲ್ಲ. ಹಾಡು ಕೇಳೋವಾಗ ಒಂದು ಪ್ರೊಫೈಲ್‌ನಲ್ಲಿ ಸೌಂಡ್ ಒಂದೇ ದಿಕ್ಕಿಗೆ ಹೋಗ್ತಿರುತ್ತೆ, ಮೈಕ್ ಬೇಕು ಅಂದ ತಕ್ಷಣ ಅದು ಹ್ಯಾಂಡ್ಸ್‌ಫ್ರೀ ಅನ್ನೋ ಪ್ರೊಫೈಲ್‌ಗೆ ಜಿಗಿಯುತ್ತೆ, ಇರೋ ಜಾಗವನ್ನ ಹೋಗೋ ಮಾತು ಬರೋ ಮಾತು ಎರಡಕ್ಕೂ ಹಂಚ್ಬೇಕು, ಕ್ವಾಲಿಟಿ ಬಿದ್ದುಹೋಗುತ್ತೆ. ಮಾಡ್ಬೇಕಾದ್ದು ಇಷ್ಟೇ, ಜೂಮೋ ಮೀಟೋ ಯಾವುದೇ ಆಗ್ಲಿ ಅದರ ಆಡಿಯೋ ಸೆಟ್ಟಿಂಗ್‌ನಲ್ಲಿ ಮೈಕ್ ಅಂತ ಇರೋ ಕಡೆ ಲ್ಯಾಪ್‌ಟಾಪ್‌ದೇ ಮೈಕ್ ಆರಿಸಿ, ಸ್ಪೀಕರ್ ಕಡೆ ಮಾತ್ರ ಬ್ಲೂಟೂತ್‌ದು. ಆದ್ರೆ ನಿಮ್ಮ ಕೇಸಲ್ಲಿ ಅಪ್ಪಯ್ಯ ಕೂರೋದು ದೂರ ಅಂತೀರಿ, ಅಷ್ಟು ದೂರಕ್ಕೆ ಲ್ಯಾಪ್‌ಟಾಪ್ ಮೈಕ್ ಮಾತು ಹಿಡಿಯಲ್ಲ, ಮೊಮ್ಮಗಳ ಕಾಲ್ ಬಂದಾಗ ಅವ್ರನ್ನೇ ಮೇಜಿನ ಹತ್ರ ಕರೆದು ಕೂರಿಸಿ, ಮುಖವೂ ಕಾಣುತ್ತೆ ಅವಳಿಗೆ.

ಇನ್ನೊಂದು, ಆ ಸ್ಪೀಕರ್‌ಗೆ ಮನೆಯವ್ರೆಲ್ಲ ಫೋನ್ ಪೇರ್ ಮಾಡ್ಬೇಡಿ. ಕರ್ಣನೋ ಕೃಷ್ಣನೋ ಮಾತಾಡ್ತಿರೋವಾಗ ನಿಮ್ಮ ಫೋನ್ ಅದನ್ನ ಕಿತ್ಕೊಂಡು ರೀಲ್ಸ್ ಹಾಡು ಹೊಡೆದ್ರೆ ಆಮೇಲೆ ಮನೇಲಿ ಬೇರೆಯೇ ಪ್ರಸಂಗ ನಡೆಯುತ್ತೆ.

ಶ್ರುತಿಪೆಟ್ಟಿಗೆ:

ಟೀಚರಮ್ಮ 😄

ಡಿಲೇ ಬಗ್ಗೆ. ಮಾಮೂಲಿ ಬ್ಲೂಟೂತ್‌ನಲ್ಲಿ ಸೌಂಡ್ ಸುಮಾರು 0.1ರಿಂದ 0.3 ಸೆಕೆಂಡ್ ತಡ ಆಗುತ್ತೆ, ಯೂಟ್ಯೂಬ್ ಎಷ್ಟೋ ಸಲ ವಿಡಿಯೋವನ್ನೂ ಅಷ್ಟೇ ತಡ ಮಾಡಿ ಹೊಂದಿಸ್ಕೊಳ್ಳುತ್ತೆ, ವಿಂಡೋಸ್‌ನಲ್ಲಿ ಯಾವಾಗ್ಲೂ ಸರಿಹೋಗುತ್ತೆ ಅನ್ನೋಕಾಗಲ್ಲ. ಯಕ್ಷಗಾನ ಆಟ ನೋಡ್ತೀರಿ ಅಂದ್ರೆ ಹೆಜ್ಜೆ ಒಂದು ಕಡೆ ಗೆಜ್ಜೆ ಸದ್ದು ಇನ್ನೊಂದು ಕಡೆ ಆಗಿ ಕಿರಿಕಿರಿ ಆಗ್ಬಹುದು. ತಾಳಮದ್ದಳೆಯಲ್ಲಿ ವೇಷ ಇಲ್ಲ ಕುಣಿತ ಇಲ್ಲ, ಎಲ್ರೂ ಕೂತೇ ಮಾತಾಡೋದು, ಎಷ್ಟೋ ವಿಡಿಯೋದಲ್ಲಿ ಬರೀ ಒಂದು ಫೋಟೋ ಇರುತ್ತೆ, ಅದಕ್ಕೆ ಡಿಲೇ ಲೆಕ್ಕಕ್ಕೇ ಇಲ್ಲ. ಡೌನ್‌ಲೋಡ್ ಮಾಡಿಟ್ಟ ಆಟ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್‌ನಲ್ಲಿ ನೋಡೋದಾದ್ರೆ ಕೀಬೋರ್ಡ್‌ನ ಜೆ ಮತ್ತೆ ಕೆ ಒತ್ತಿ ಸೌಂಡ್ ಹಿಂದೆಮುಂದೆ ಸರಿಸ್ಬಹುದು, ಒಂದು ಸಲ ಒತ್ತಿದ್ರೆ 50 ಮಿಲಿಸೆಕೆಂಡ್. ಆದ್ರೆ ವಿಎಲ್‌ಸಿಯಲ್ಲಿ ವಾಲ್ಯೂಮ್ 100 ದಾಟಿಸ್ಬೇಡಿ, ಅದು ಸದ್ದನ್ನ ಬಲವಂತವಾಗಿ ಎಳೆಯೋದು, ನಿಮ್ಮಪ್ಪಯ್ಯ ಹೇಳೋ ಸ್ವರ ಒಡೆಯೋದು ಇನ್ನೂ ಜಾಸ್ತಿ ಆಗುತ್ತೆ.

ಬ್ಲೂಟೂತ್ ಒಂದೇ ಕೋಣೆ ಒಳಗೆ ಸರಿಯಾಗೇ ನಡೆಯುತ್ತೆ. ಕಟ್ ಕಟ್ ಆಗಿ ಬಂದ್ರೆ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಏನಾದ್ರೂ ಚುಚ್ಚಿದ್ಯಾ ನೋಡಿ, ಅದರ ಗದ್ದಲ ಬ್ಲೂಟೂತ್ ಇರೋ 2.4 ಗಿಗಾಹರ್ಟ್ಜ್‌ಗೇ ಬೀಳುತ್ತೆ. ವೈಫೈ ರೂಟರ್‌ನಲ್ಲಿ 5 ಗಿಗಾಹರ್ಟ್ಜ್ ಇದ್ರೆ ಲ್ಯಾಪ್‌ಟಾಪ್‌ನ ಅದಕ್ಕೆ ಹಾಕಿ.

ಸ್ಪೀಕರ್ ಹತ್ರ ಇಟ್ಮೇಲೂ ಮಾತು ಅರ್ಥ ಆಗ್ತಿಲ್ಲ ಅಂದ್ರೆ ಇಎನ್‌ಟಿ ಡಾಕ್ಟ್ರ ಹತ್ರ ಒಂದು ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ) ಮಾಡಿಸಿ, ಸ್ವಲ್ಪ ಹೊತ್ತಿನ ಕೆಲಸ.

ಕುಮಟೆಮಾಣಿ:

ಸರಿ ಹಾಗಾದ್ರೆ, ಆಕ್ಸ್ ಇರೋ ಬ್ಲೂಟೂತ್‌ದು, 5ರಿಂದ 10 ವ್ಯಾಟ್ ಆರ್‌ಎಂಎಸ್, ಕುರ್ಚಿ ಪಕ್ಕ. ಶನಿವಾರ ಅಪ್ಪಯ್ಯನ್ನೇ ಕರ್ಕೊಂಡು ಹೋಗ್ತೀನಿ, ಯಾವ ಪ್ರಸಂಗದ ತುಣುಕು ಹಾಕಿಸ್ಬೇಕು ಅಂತ ಈಗಾಗ್ಲೇ ಅವ್ರೇ ಆರಿಸಿಟ್ಟಿದ್ದಾರೆ, ತುಣುಕು ಅಂದ್ರೆ ಮುಕ್ಕಾಲು ಗಂಟೆ.

ಬಸ್‌ಸ್ಟ್ಯಾಂಡ್ ಬಸ್ಯಾ:

ಅಂಗಡಿಯವ್ರಿಗೆ ಮೊದ್ಲೇ ಫೋನ್ ಮಾಡಿ ಹೇಳ್ಬಿಡಿ, ಕುರ್ಚಿ ಹಾಕಿಟ್ಟಿರ್ಲಿ.