ಪದ್ಮಿನಿಗೆ ಮನೆಯಲ್ಲೇ ವೀಲ್ ಅಲೈನ್‌ಮೆಂಟ್ ಮಾಡಬಹುದಾ?

ಪದ್ಮಿನಿ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪ ಓಡಿಸುತ್ತಿದ್ದ ಗಾಡಿ. ಈಗ ಮುಂದಿನ ಎರಡೂ ಟೈರ್ ಹೊರಗಿನ ಅಂಚಲ್ಲಿ ಮಾತ್ರ ಬೋಳಾಗುತ್ತಿವೆ, ಒಳಗಡೆ ಹೊಸದರ ಹಾಗೇ ಇವೆ. ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಒಬ್ಬರು ಕಂಪ್ಯೂಟರ್‌ನಲ್ಲಿ ಈ ಗಾಡಿಯೇ ಇಲ್ಲ ಅಂದರು. ಇನ್ನೊಬ್ಬರು ಯಾವುದೋ ಬೇರೆ ಕಾರಿನ ಲೆಕ್ಕ ಹಾಕಿ, ಪರದೆಯಲ್ಲಿ ಹಸಿರು ಬರುವ ತನಕ ತಿರುಗಿಸಿ, ಬಿಲ್ ಕೈಗೆ ಕೊಟ್ಟರು. ಈಗ ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟ ಇರುತ್ತದೆ, ಟೈರ್ ಸವೆಯೋದೂ ನಿಂತಿಲ್ಲ.

ದಾರ ಕಟ್ಟಿ ಮನೆಯಲ್ಲೇ ಮಾಡುತ್ತಾರೆ ಅಂತ ಕೇಳಿದ್ದೇನೆ. ನಿಜವಾಗಿ ಆಗುತ್ತಾ, ಇಲ್ಲ ಸುಮ್ನೆ ಹೇಳೋದಾ? ಎರಡೂ ಕಡೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ಗೆ ತಿರುಗಿಸುವ ಸ್ಲೀವ್, ಕ್ಲಾಂಪ್ ಇರೋದು ನೋಡಿದ್ದೇನೆ. ಜಾಕ್, ಸ್ಟ್ಯಾಂಡ್, ಸ್ಪ್ಯಾನರ್ ಸೆಟ್ ಎಲ್ಲ ಇದೆ. ಪೋರ್ಟಿಕೋ ನೆಲ ಮಾತ್ರ ನೀರು ಹರಿಯಲಿ ಅಂತ ಗೇಟಿನ ಕಡೆ ಇಳಿಜಾರು.

ಗ್ರೀಸ್_ಕೈ

ಸಾರ್, ಬೇಡ. ಬ್ರೇಕು, ಸ್ಟೀರಿಂಗು ಎರಡರಲ್ಲಿ ಪ್ರಯೋಗ ಮಾಡಬಾರದು. ಊರಲ್ಲಿ ಹಳೇ ಅಂಬಾಸಿಡರ್, ಫಿಯಟ್ ನೋಡುತ್ತಿದ್ದ ವಯಸ್ಸಾದ ಮೆಕ್ಯಾನಿಕ್ ಯಾರಾದರೂ ಸಿಕ್ಕೇ ಸಿಗುತ್ತಾರೆ, ಅವರ ಹತ್ರ ಹೋಗಿ.

ಹಳೇಗಾಡಿ_ಶಿವಮೊಗ್ಗ

ಆ ವಯಸ್ಸಾದ ಮೆಕ್ಯಾನಿಕ್ ಮಾಡುತ್ತಿದ್ದದ್ದೂ ದಾರದಲ್ಲೇ ಅಲ್ವಾ ಗುರುಗಳೇ! ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳೂ 2023ರಲ್ಲಿ ರಸ್ತೆಯಿಂದ ಹೋದವು. ಇನ್ನು ಅಂಗಡಿ ಹುಡುಗರಿಗೆ ಈ ಗಾಡಿ ಗೊತ್ತಿರಬೇಕು ಅನ್ನೋದು ಜಾಸ್ತಿ ಆಯಿತು.

ಮನೆಯಲ್ಲಿ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋದು, ಆರಾಮಾಗಿ ಸರಿ ಮಾಡಬಹುದು. ಕ್ಯಾಂಬರ್ (ಮುಂದಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಕೀಲಿನ ವಾಲು) ಅಳೆದು ಬರೆದಿಟ್ಟುಕೊಳ್ಳಿ, ಮುಟ್ಟಲು ಹೋಗಬೇಡಿ. ನಿಮ್ಮ ಲಕ್ಷಣ ಕೇಳಿದರೆ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರೋದು, ಅಂದರೆ ಟೋ‌-ಇನ್ ಜಾಸ್ತಿ ಅನ್ನಿಸುತ್ತದೆ. ಟೈರ್ ಮೇಲೆ ಅಂಗೈ ಆಡಿಸಿ ನೋಡಿ. ಹೊರಗಿಂದ ಒಳಗೆ ಸವರಿದರೆ ನುಣುಪು, ಒಳಗಿಂದ ಹೊರಗೆ ಸವರಿದರೆ ಗರಗಸದ ಹಲ್ಲಿನ ಹಾಗೆ ತಡೆಯುತ್ತದೆ ಅಂದರೆ ಟೋ‌-ಇನ್ನೇ. ಹಾಗೇನೂ ತಡೆಯದೆ ಹೊರ ಅಂಚು ಬರೀ ಸವೆದಿದ್ದರೆ ಕ್ಯಾಂಬರ್ ಮೇಲೂ ಅನುಮಾನ ಇಡಿ.

ದಾರ ತೆಗೆಯುವ ಮೊದಲು ಪ್ಲೇ, ಅಂದರೆ ಸಡಿಲ ಆಟ, ಇದೆಯಾ ನೋಡಿ. ಇದನ್ನು ಬಿಟ್ಟು ಅಲೈನ್‌ಮೆಂಟ್ ಮಾಡಿದರೆ ಅಳೆದ ಪ್ರತಿ ಸಲವೂ ಬೇರೆ ಬೇರೆ ಲೆಕ್ಕ ಬರುತ್ತದೆ, ಆಮೇಲೆ ದಾರವನ್ನು ಬೈಯುತ್ತೀರಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಯಾರಿಗಾದರೂ ಬ್ರೇಕ್ ಒತ್ತಲು ಹೇಳಿ. ಆಗ ಆಟ ನಿಂತರೆ ಬೇರಿಂಗ್ ಸಡಿಲ, ಆಗಲೂ ಆಡಿದರೆ ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗುವ ಕೀಲು) ಅಥವಾ ಸಸ್ಪೆನ್ಷನ್ ಆರ್ಮ್ ಬುಷ್. ಆಮೇಲೆ ಎಡ ಬಲ ಹಿಡಿದು ಅಲ್ಲಾಡಿಸಿ, ಅದರಲ್ಲಿ ಟೈ ರಾಡ್ ಎಂಡ್, ಸ್ಟೀರಿಂಗ್ ಕೊಂಡಿಯ ಐಡ್ಲರ್ ಬುಷ್ ಸಿಕ್ಕಿಬೀಳುತ್ತವೆ. ಏನೇ ಸಡಿಲ ಇದ್ದರೂ ಮೊದಲು ಅದು ಬದಲಾಗಬೇಕು. ಕಿಂಗ್ ಪಿನ್‌ಗೆ ಗ್ರೀಸ್ ಹೊಡೆದು ಎಷ್ಟು ಕಾಲವಾಯಿತು ಅಂತಲೂ ಸ್ವಲ್ಪ ಯೋಚನೆ ಮಾಡಿ.

ಈಗ ಟೋ. ಎರಡೂ ಮುಂದಿನ ಟೈರಿನ ನಡು ಭಾಗಕ್ಕೆ ಸೀಮೆಸುಣ್ಣ ಬಳಿಯಿರಿ. ಚಕ್ರ ಎತ್ತಿರುವಾಗಲೇ ಒಂದು ಮೊಳೆಯನ್ನು ಮರದ ತುಂಡಿಗೆ ಹೊಡೆದು ಮೊಳೆ ತುದಿ ಟೈರಿಗೆ ತಾಗುವ ಹಾಗೆ ನೆಲಕ್ಕೆ ಒತ್ತಿ ಹಿಡಿದು, ಚಕ್ರ ತಿರುಗಿಸಿದರೆ ಸುತ್ತಲೂ ಸಣ್ಣ ಗೆರೆ ಬೀಳುತ್ತದೆ. ರಿಮ್ ಸ್ವಲ್ಪ ಸೊಟ್ಟ ಇದ್ದರೂ ಈ ಗೆರೆ ನೇರವಾಗೇ ಬರುತ್ತದೆ, ಅದೇ ಇದರ ಮಜಾ. ಗಾಡಿ ಇಳಿಸಿ, ಬಾನೆಟ್ ಒತ್ತಿ ಕುಣಿಸಿ, ಸ್ಟೀರಿಂಗ್ ನೇರ ಹಿಡಿದು ಒಂದೆರಡು ಮೀಟರ್ ಮುಂದಕ್ಕೆ ತಳ್ಳಿ. ಮುಂದಕ್ಕೆ ಮಾತ್ರ. ಹಿಂದಕ್ಕೆ ಬಂದು ನಿಂತರೆ ಚಕ್ರಗಳು ಬೇರೆ ರೀತಿ ಕೂರುತ್ತವೆ, ಲೆಕ್ಕ ಸುಳ್ಳಾಗುತ್ತದೆ.

ಆಕ್ಸಲ್ ಎತ್ತರದಲ್ಲಿ, ಚಕ್ರದ ಮುಂಭಾಗದಲ್ಲಿ ಎರಡು ಗೆರೆಗಳ ನಡುವಿನ ಅಂತರ ಅಳೆದು, ಅದೇ ಜಾಗಕ್ಕೆ ಟೈರಿನ ಮೇಲೆ ಗುರುತು ಹಾಕಿ. ಗಾಡಿಯನ್ನು ಚಕ್ರ ಅರ್ಧ ಸುತ್ತುವಷ್ಟು ಮುಂದಕ್ಕೆ ತಳ್ಳಿದರೆ ಆ ಗುರುತು ಹಿಂದೆ ಬರುತ್ತದೆ. ಅಲ್ಲಿ ಮತ್ತೆ ಅಳೆಯಿರಿ. ಹಿಂದಿನ ಅಳತೆಯಲ್ಲಿ ಮುಂದಿನದನ್ನು ಕಳೆದರೆ ಬರುವುದೇ ಟೋ‌-ಇನ್. ಇಂಜಿನ್ನು, ಚಾಸಿಸ್ ಅಡ್ಡ ಬಂದು ಟೇಪ್ ನೇರ ಹಿಡಿಯಲು ಆಗದಿದ್ದರೆ ಗಾರೆ ಕೆಲಸದವರ ತೂಗುಗುಂಡು ಗೆರೆಯಿಂದ ಇಳಿಬಿಟ್ಟು ನೆಲದಲ್ಲಿ ಚುಕ್ಕೆ ಹಾಕಿ ಅಳೆಯಿರಿ.

ಎಷ್ಟಿರಬೇಕು ಅನ್ನೋದನ್ನು ನಿಮ್ಮ ಗಾಡಿಯ ಪುಸ್ತಕದಲ್ಲೇ ನೋಡಿ, ನನ್ನ ಮಾತು ಕೇಳಬೇಡಿ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಪುಸ್ತಕದ ಮಿಲಿಮೀಟರ್ ರಿಮ್ ಅಂಚಿನಲ್ಲಿ ಅಳೆದದ್ದಾ, ಟೈರ್ ಮೇಲಾ? 14 ಇಂಚಿನ ರಿಮ್ ಅಂಚು ಸುಮಾರು 380 ಮಿ.ಮೀ. ವ್ಯಾಸ, ಟೈರ್ ಹೊರಗಿನಿಂದ ಸುಮಾರು 600. ರಿಮ್‌ನಲ್ಲಿ 2 ಮಿ.ಮೀ. ಅನ್ನೋದು ಟೈರ್ ಗೆರೆಯಲ್ಲಿ 3 ಮಿ.ಮೀ. ಮೇಲೆ ಹೋಗುತ್ತದೆ. ಮತ್ತೆ ಆ ಪುಸ್ತಕ ಬರೆದ ಕಾಲದ ಹಳೇ ನೈಲಾನ್ ಟೈರ್ ಬದಲು ನೀವು ರೇಡಿಯಲ್ ಹಾಕಿದ್ದರೆ ಸಾಮಾನ್ಯವಾಗಿ ಕಮ್ಮಿ ಟೋ‌-ಇನ್ ಸಾಕು. ಕೊಟ್ಟ ಮಿತಿಯಲ್ಲಿ ಕೆಳಗಿನ ತುದಿ ಇಟ್ಟುಕೊಳ್ಳಿ.

ಪದ್ಮಿನಿ_ಮೈಸೂರು

ಅಣ್ಣಾ, ದೊಡ್ಡ ಉಪಕಾರ. ಈಗಷ್ಟೇ ನೋಡಿದೆ, ಒಳಗಿಂದ ಹೊರಗೆ ಸವರಿದರೆ ಕೈಗೆ ತರಿತರಿ ತಡೆಯುತ್ತದೆ. ಎಡಗಡೆ ಟೈ ರಾಡ್ ಎಂಡ್ ಕೂಡ ಸ್ವಲ್ಪ ಆಡುತ್ತಿದೆ, ಅದನ್ನು ಮೊದಲು ಹಾಕಿಸುತ್ತೇನೆ. ಆದರೆ ಸ್ಟೀರಿಂಗ್ ಸೊಟ್ಟ ಇರೋದು ಹೇಗೆ ಸರಿಹೋಗುತ್ತದೆ? ಮತ್ತೆ ಇಳಿಜಾರಿನ ಕಥೆ ಏನು?

ಕುಡ್ಲ_ಗ್ಯಾರೇಜ್

ಸ್ಟೀರಿಂಗ್ ಚಕ್ರವನ್ನೇ ಕಿತ್ತು ತಿರುಗಿಸಿ ಹಾಕಬೇಡಿ ಮಾರಾಯ್ರೇ. ಪದ್ಮಿನಿಯ ಸ್ಟೀರಿಂಗ್ ಗೇರ್ ವರ್ಮ್ ಬಾಕ್ಸ್, ಅದು ನಡುವಿನಲ್ಲಿ ಬಿಗಿ, ಅಂಚಿಗೆ ಹೋದ ಹಾಗೆ ಸಡಿಲ. ಬಾಕ್ಸ್ ನಡುವಿನಲ್ಲಿ ಇರುವಾಗಲೇ ಗಾಡಿ ನೇರ ಹೋಗಬೇಕು. ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಅಂತ ಎಣಿಸಿ, ಸರಿ ಅರ್ಧಕ್ಕೆ ತಂದು ಅಲುಗದ ಹಾಗೆ ಕಟ್ಟಿ. ಅಂಗಡಿಯವರು ಒಂದೇ ಬದಿಯ ಸ್ಲೀವ್ ತಿರುಗಿಸಿದ್ದರಿಂದ ಸೊಟ್ಟ ಆಗಿರಬೇಕು.

ದಾರ ಬೇಕಾಗುವುದು ಇಲ್ಲಿ. ಗಾಡಿಯ ಎರಡೂ ಬದಿಗೆ ಹಬ್ ಎತ್ತರದಲ್ಲಿ ದಾರ ಎಳೆದು, ಎರಡು ದಾರದ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಬರುವ ಹಾಗೆ ಮಾಡಿ. ಹಿಂದಿನ ಹಬ್‌ಗೆ ಎಡ ಬಲ ಸಮ, ಮುಂದಿನ ಹಬ್‌ಗೆ ಎಡ ಬಲ ಸಮ. ಆದರೆ ಮುಂದಿನ ಅಂತರವೂ ಹಿಂದಿನ ಅಂತರವೂ ಒಂದೇ ಇರಬೇಕು ಅಂತ ಹಟ ಹಿಡಿಯಬೇಡಿ, ಎರಡರ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಗಲ) ಬೇರೆ. ಈಗ ಒಂದೊಂದು ಮುಂದಿನ ಚಕ್ರವೂ ದಾರಕ್ಕೆ ಎಷ್ಟು ಓರೆ ಅಂತ ಗೊತ್ತಾಗುತ್ತದೆ. ಬೇಕಾದ ಟೋವನ್ನು ಎರಡೂ ಕಡೆ ಅರ್ಧ ಅರ್ಧ ಹಂಚಿ. ಕಾಲು ಸುತ್ತು ತಿರುಗಿಸಿ, ಗಾಡಿ ಮುಂದೆ ತಳ್ಳಿ, ಮತ್ತೆ ಅಳೆಯಿರಿ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಟೈ ರಾಡ್ ಆಕ್ಸಲ್ ಹಿಂದೆ ಇದ್ದರೆ ಉದ್ದ ಮಾಡಿದಷ್ಟು ಟೋ‌-ಇನ್ ಜಾಸ್ತಿ, ಮುಂದೆ ಇದ್ದರೆ ಉಲ್ಟಾ.

ಇಳಿಜಾರು ಟೋಗೆ ದೊಡ್ಡ ವಿಷಯವೇ ಅಲ್ಲ. ಕ್ಯಾಂಬರ್‌ಗೆ ಎಡ ಬಲ ಮಟ್ಟ ಬೇಕು. ಗೇಟಿನ ಕಡೆಗೆ ಇಳಿಜಾರಾದರೆ ಕ್ಯಾಂಬರ್ ಕೆಡುವುದಿಲ್ಲ, ಕ್ಯಾಸ್ಟರ್‌ನಲ್ಲಿ ಅಷ್ಟೇ ಡಿಗ್ರಿ ತಪ್ಪು ಬರುತ್ತದೆ. ಗಾರೆಯವರು ನೀರು ತುಂಬಿಸಿ ಹಿಡಿಯುವ ಟ್ಯೂಬ್ ಇದೆಯಲ್ಲ, ಅದರಲ್ಲಿ ನಾಲ್ಕು ಚಕ್ರದ ಜಾಗ ನೋಡಿ ತಗ್ಗಿದ ಕಡೆ ಪ್ಲೈವುಡ್ ತುಂಡು ಕೊಡಿ. ಕ್ಯಾಂಬರ್‌ಗೆ ರಿಮ್‌ನ ಮೇಲಂಚು ಕೆಳಅಂಚಿಗೆ ತೂಗುಗುಂಡಿನ ದಾರ ಹಿಡಿದರೆ ಸಾಕು, 380 ಮಿ.ಮೀ.ಗೆ 6.6 ಮಿ.ಮೀ. ವ್ಯತ್ಯಾಸ ಅಂದರೆ 1 ಡಿಗ್ರಿ. ಎಡ ಬಲದ ನಡುವೆ ತುಂಬಾ ಫರಕು ಬಂದರೆ ಸ್ಪ್ರಿಂಗ್ ಕೂತಿದೆಯಾ, ಬುಷ್ ಹೋಗಿದೆಯಾ ನೋಡಿ.

ಗ್ರೀಸ್_ಕೈ

ಸರಿ, ಒಪ್ಪಿದೆ. ಆದರೂ ಒಂದು ಮಾತು. ಜಾಕ್ ಮೇಲೆ ನಿಂತ ಗಾಡಿ ಕೆಳಗೆ ಯಾರೂ ನುಗ್ಗಬೇಡಿ, ಸ್ಟ್ಯಾಂಡ್ ಇರಲೇಬೇಕು. ಸ್ಲೀವ್ ಕ್ಲಾಂಪ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಟೋ ಅಳೆಯಿರಿ, ಬಿಗಿ ಮಾಡುವಾಗಲೇ ಅದು ಜರುಗುತ್ತದೆ. ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ಕ್ಲಾಂಪಿನ ಬೋಲ್ಟ್ ಎಲ್ಲೂ ತಾಗುತ್ತಿಲ್ಲ ಅಂತ ನೋಡಿ. ಓಡಿಸಿದಾಗ ಒಂದು ಕಡೆ ಎಳೆದರೆ ತಕ್ಷಣ ಸ್ಲೀವ್‌ಗೆ ಕೈ ಹಾಕಬೇಡಿ. ನಮ್ಮ ರಸ್ತೆ ಎಡಕ್ಕೆ ಇಳಿದಿರುತ್ತದೆ, ಸ್ವಲ್ಪ ಎಡಕ್ಕೆ ಹೋಗೋದು ಸಹಜ. ಅದಕ್ಕಿಂತ ಜಾಸ್ತಿ ಎಳೆದರೆ ಮುಂದಿನ ಟೈರ್ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಎಳೆತ ಇನ್ನೊಂದು ಕಡೆಗೆ ತಿರುಗಿದರೆ ಟೈರಿನದೇ ತಕರಾರು. ಒಂದು ಡ್ರಮ್ ಮಾತ್ರ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಪದ್ಮಿನಿ_ಮೈಸೂರು

ಟೈ ರಾಡ್ ಎಂಡ್ ಒಂದೇ ಬದಿ ಹಾಕಿಸಿದರೆ ಸಾಕಾ, ಎರಡೂ ಬದಲಿಸಲಾ?

ಹಳೇಗಾಡಿ_ಶಿವಮೊಗ್ಗ

ಎರಡೂ ಬದಲಿಸಿ. ಒಂದು ಹೋಗಿದೆ ಅಂದರೆ ಇನ್ನೊಂದೂ ಅಷ್ಟೇ ಕಿಲೋಮೀಟರ್ ಓಡಿರುತ್ತದೆ. ಬಿಚ್ಚುವ ಮೊದಲು ಎಷ್ಟು ಎಳೆ ಹೊರಗೆ ಕಾಣುತ್ತದೆ ಅಂತ ಎಣಿಸಿ ಬರೆದಿಡಿ. ಹೊಸದನ್ನೂ ಅಷ್ಟೇ ಒಳಗೆ ತಿರುಗಿಸಿದರೆ ಅಳತೆ ಶುರು ಮಾಡಲು ಹತ್ತಿರದಲ್ಲಿರುತ್ತೀರಿ.