ಬಾಂಡ್, ಲಯಬಿಲಿಟಿ, ಎರರ್ಸ್ ಅಂಡ್ ಒಮಿಷನ್ಸ್: ಕನ್ನಡದಲ್ಲಿ ಏನಂತೀರಿ? (ಸ್ವಲ್ಪ ಅರ್ಜೆಂಟ್)

ಮಡಿಕೇರಿಯಿಂದ:

ಎಲ್ರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ನೋಟರಿ ಕೆಲ್ಸ ಮಾಡೋ ನಮ್ಮ ಕಡೆಯವರಿಗೋಸ್ಕರ ಒಂದು ಸಣ್ಣ ಕೈಪಿಡಿ ಕನ್ನಡಕ್ಕೆ ತರ್ತಿದೀನಿ, ಗುರುವಾರ ಪ್ರಿಂಟಿಗೆ ಹೋಗತ್ತೆ. ಅಲ್ಲಿ ನೋಟರಿ ಅಂದ್ರೆ ಇಲ್ಲಿ ಕೋರ್ಟ್ ಪಕ್ಕ ಬೋರ್ಡ್ ಹಾಕಿರೋ ವಕೀಲರ ತರ ಅಲ್ಲ, ವಕೀಲರೇ ಆಗಿರ್ಬೇಕಂತಿಲ್ಲ, ಮನೆ ಸಾಲದ ಕಾಗದದ ಕಟ್ಟು ತಗೊಂಡು ಸಾಲಗಾರರ ಮನೆಗೆ ಹೋಗಿ ಸಹಿ ಹಾಕಿಸಿ ಸೀಲ್ ಒತ್ತಿ ಬರೋರು ಬೇಕಾದಷ್ಟು ಜನ ಇದಾರೆ. ಯಾರ ನೌಕರರೂ ಅಲ್ಲ, ಒಂದೊಂದು ಕೆಲ್ಸಕ್ಕೆ ಇಷ್ಟು ಅಂತ ದುಡ್ಡು, ಹಾಗಾಗಿ ಎಡವಟ್ಟಾದ್ರೆ ಕೆಲ್ಸ ಕೊಟ್ಟ ಕಂಪನಿ ಹಿಂದೆ ನಿಲ್ಲತ್ತೆ ಅನ್ನೋ ಹಂಗಿಲ್ಲ. ನನಗೆ ಕೊಟ್ಟಿರೋ ಹಳೇ ಕರಡಲ್ಲಿ ಬಾಂಡ್‌ಗೆ "ಭದ್ರತಾ ವಿಮೆ" ಅಂತ ಹಾಕಿದಾರೆ. ಬಾಂಡ್ ನೋಟರಿನ ಕಾಯೋ ವಿಮೆ ಅಲ್ಲ, ಆದ್ರೆ ಇದನ್ನ ಓದಿದೋರು ನಂಗೆ ವಿಮೆ ಇದೆ ಅಂತ ನೆಮ್ಮದಿಯಾಗಿ ಕೂತ್ಬಿಡ್ತಾರೆ, ಅದೇ ನನ್ ಭಯ. ಬಾಂಡ್, ಲಯಬಿಲಿಟಿ, ಎರರ್ಸ್ ಅಂಡ್ ಒಮಿಷನ್ಸ್, ಇಂಡೆಮ್ನಿಟಿ, ಇಂಡಿಪೆಂಡೆಂಟ್ ಕಾಂಟ್ರಾಕ್ಟರ್, ಇಷ್ಟಕ್ಕೂ ಓದಿದ ತಕ್ಷಣ ಅರ್ಥ ಆಗೋ ಮಾತು ಬೇಕು.

ಸೋಮವಾರಪೇಟೆಯಿಂದ:

ಬಾಂಡ್‌ಗೆ "ಹೊಣೆ". ಇದಕ್ಕೆ ಚರ್ಚೆ ಯಾಕೆ ಬೇಕು. ಹಳಗನ್ನಡದಲ್ಲಿ ಪೊಣೆ, ಅಂದ್ರೆ ಇನ್ನೊಬ್ಬರ ಪರವಾಗಿ ನಿಲ್ಲೋದು. ಪಕಾರ ಹಕಾರ ಆಗಿದ್ದು ಕೊಡಗಿನವರಿಗೆ ಯಾರೂ ಹೇಳ್ಕೊಡ್ಬೇಕಿಲ್ಲ, ಕೊಡವ ಮಾತಾಡೋರು ಪುತ್ತರಿ ಅಂತಾರೆ, ಕನ್ನಡ ಮಾತಾಡೋ ನಾವು ಹುತ್ತರಿ ಅಂತೀವಿ, ಅವರ ಪಾಲ್ ನಮ್ಮ ಹಾಲು. "ಹೊಣೆ ನಿಲ್ಲು" ಅನ್ನೋ ಪ್ರಯೋಗ ಇವತ್ತಿಗೂ ಇದೆ. ಹೊಣೆಗೆ ಲಯಬಿಲಿಟಿ ಅನ್ನೋ ಅರ್ಥ ಬಿಡಿ, ಮೂಲ ಅರ್ಥಕ್ಕೆ ವಾಪಸ್ ಹೋಗಿ ಸಾಕು.

ವಿರಾಜಪೇಟೆಯಿಂದ:

ಮೂಲ ಅರ್ಥ ಏನೇ ಇರ್ಲಿ, ಇವತ್ತು "ಹೊಣೆ" ಅಂದ್ರೆ ಓದೋರಿಗೆ ಜವಾಬ್ದಾರಿ ಅಂತಲೇ ಬರೋದು. ಅದೇ ಪುಟದಲ್ಲಿ ಲಯಬಿಲಿಟಿಗೂ ಹೊಣೆ ಬೇಕಾಗತ್ತೆ, ಎರಡಕ್ಕೂ ಒಂದೇ ಪದ ಹಾಕಿದ್ರೆ ಕೈಪಿಡಿ ಸತ್ತಂಗೆ. ಮೊದ್ಲು ವಿಷ್ಯ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ನೋಟರಿ ಆಗೋರು 15,000 ಡಾಲರ್ ಬಾಂಡ್ ಕೊಡ್ಲೇಬೇಕು. ಇದು ನೋಟರಿನ ಕಾಯೋಕೆ ಅಲ್ಲ, ನೋಟರಿ ತಪ್ಪಿಂದ ನಷ್ಟ ಆದ ಜನರನ್ನ ಕಾಯೋಕೆ. ಬಾಂಡ್ ಕಂಪನಿ ಅವರಿಗೆ ದುಡ್ಡು ಕೊಡತ್ತೆ, ಆಮೇಲೆ ಅದೇ ದುಡ್ಡನ್ನ ನೋಟರಿ ಹತ್ರ ವಸೂಲಿ ಮಾಡತ್ತೆ. ಅಷ್ಟಕ್ಕೇ ಮುಗಿಯಲ್ಲ, ಅಲ್ಲಿನ ಕಾನೂನಲ್ಲಿ ನೋಟರಿ ನಿರ್ಲಕ್ಷ್ಯದಿಂದ ಆದ ಪೂರ್ತಿ ನಷ್ಟಕ್ಕೆ ನೋಟರಿಯೇ ಬಾಧ್ಯಸ್ಥ, ಬಾಂಡ್ ಮೊತ್ತ ದಾಟಿದ್ದು ಸ್ವಂತ ಜೇಬಿಂದ.

ಇದಕ್ಕೆ "ಜಾಮೀನು" ಅನ್ನೋದು ಅಳತೆ ತಗೊಂಡು ಹೊಲಿದ ಹಾಗಿದೆ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದೋರನ್ನ ಕೇಳಿ, ಸಾಲಗಾರ ಕಟ್ಟದೇ ಇದ್ರೆ ಇವರು ಕಟ್ಟಿ ಆಮೇಲೆ ಅವನ ಹಿಂದೆ ಬೀಳೋದು. ನಮ್ಮ 1872ರ ಕರಾರು ಕಾಯ್ದೆಯ 145ನೇ ಕಲಮು ಹೇಳೋದೂ ಇದನ್ನೇ, ಜಾಮೀನುದಾರ ನ್ಯಾಯವಾಗಿ ಕಟ್ಟಿದ್ದನ್ನ ಸಾಲಗಾರ ಅವನಿಗೆ ತುಂಬಿಕೊಡ್ಬೇಕು.

ಎರರ್ಸ್ ಅಂಡ್ ಒಮಿಷನ್ಸ್ ಬೇರೆ, ಅದು ನಿಜವಾದ ವಿಮೆ, ನೋಟರಿನ ಕಾಯೋದು ಅದೇ. ಸೀಲ್ ಒತ್ತೋದು ಮರೆತು ನೋಂದಣಿ ಕಚೇರಿ ಪತ್ರ ವಾಪಸ್ ಕಳಿಸ್ತು, ತಾರೀಕು ತಪ್ಪಾಯ್ತು, ಇಂಥದ್ದಕ್ಕೆ. ಬೇಕಂತಲೇ ಮಾಡಿದ ಮೋಸಕ್ಕೆ ಇಲ್ಲ. ಕನ್ನಡದಲ್ಲಿ ಪದ ರೆಡಿ ಇದೆ: "ಲೋಪದೋಷ ವಿಮೆ". ಆದ್ರೆ ಕೈಪಿಡಿಲಿ ಇದೊಂದನ್ನ ದಪ್ಪಕ್ಷರದಲ್ಲಿ ಹಾಕಿ, ಮಾಮೂಲಿ ನೋಟರಿ ಪಾಲಿಸಿ ನೋಟರಿ ಮಾಡಿದ ಪುಟಗಳ ತಪ್ಪಿಗೆ ಮಾತ್ರ. ಸಾಲದ ಕಟ್ಟಲ್ಲಿ ಸೀಲ್ ಬೇಡದ ಪುಟಗಳೇ ಜಾಸ್ತಿ, ಅದರಲ್ಲಿ ಒಂದು ಸಹಿ ಬಿಟ್ಟುಹೋಗಿ ಸಾಲ ತಡವಾದ್ರೆ ಆ ಪಾಲಿಸಿ ಸಾಮಾನ್ಯವಾಗಿ ಉಪಯೋಗಕ್ಕೆ ಬರಲ್ಲ, ಸೈನಿಂಗ್ ಏಜೆಂಟ್‌ಗೆ (ಹೀಗೆ ಸಾಲದ ಕಾಗದಕ್ಕೆ ಸಹಿ ಹಾಕಿಸೋ ನೋಟರಿಗೆ) ಅಂತಲೇ ಇರೋದನ್ನ ತಗೋಬೇಕು. ಗಿರಾಕಿ ಮನೇಲಿ ಏನಾದ್ರೂ ಬೀಳಿಸಿ ಒಡೆದ್ರೆ ಅದೂ ಇದರಲ್ಲಿಲ್ಲ, ಅದಕ್ಕೆ ಜನರಲ್ ಲಯಬಿಲಿಟಿ ಅಂತ ಬೇರೆ. ನೌಕರರಲ್ಲ ಅಂದ್ಮೇಲೆ ಓಡಾಟದಲ್ಲಿ ಕಾಲು ಮುರಿದ್ರೆ ಕಂಪನಿಯ ಕಾರ್ಮಿಕ ವಿಮೇನೂ ಸಿಗಲ್ಲ ಅಂತಲೇ ಲೆಕ್ಕ ಇಟ್ಕೋಬೇಕು.

ಸೋಮವಾರಪೇಟೆಯಿಂದ:

ಜಾಮೀನು ಅರಬ್ಬಿ. ವಿಮೆ ಪಾರ್ಸಿ ಕಡೆಯಿಂದ ಬಂದ ಬೀಮಾ. ಲೋಪ, ದೋಷ ಎರಡೂ ಸಂಸ್ಕೃತ. ಹೀಗೆ ಸಾಲ ತಂದ ಪದಗಳನ್ನೇ ಪೋಣಿಸಿ ಕನ್ನಡ ಕೈಪಿಡಿ ಅಂತ ಕರೆಯೋದಾದ್ರೆ ಇಂಗ್ಲಿಷನ್ನೇ ಯಾಕೆ ಬಿಟ್ರಿ? ಜಾಮೀನು ಅಂದ ಕೂಡ್ಲೇ ಜನಕ್ಕೆ ಕಾಣೋದು ಜೈಲು. ಹೊಣೆ ಬೇಡ ಅಂದ್ರೆ "ಮುಚ್ಚಳಿಕೆ" ಹಾಕಿ, ಮುಚ್ಚು ಧಾತುವಿಂದ ಬಂದ ಅಚ್ಚಗನ್ನಡ.

ಗೋಣಿಕೊಪ್ಪದಿಂದ:

ಮುಚ್ಚಳಿಕೆಗೂ ಮುಚ್ಚಳಕ್ಕೂ ಸಂಬಂಧ ಇಲ್ಲ. ಅದು ಮುಚಲ್ಕಾ, ತುರ್ಕಿ ಮೂಲದ್ದು, ಆಡಳಿತದ ಜೊತೆ ಬಂದಿದ್ದು. ಇನ್ನು ಗಲಾಟೆ ಮಾಡ್ದೋರ ಹತ್ರ ತಹಶೀಲ್ದಾರ್ರು ಬರೆಸ್ಕೊಳ್ಳೋದು ಮುಚ್ಚಳಿಕೆ, ಮಾನವಾಗಿ ದುಡಿಯೋ ನೋಟರಿ ಹತ್ರ ಅದನ್ನ ಬರೆಸ್ಬೇಡಿ.

ಇಂಡೆಮ್ನಿಟಿಗೆ ದಯವಿಟ್ಟು "ಪರಿಹಾರ" ಹಾಕ್ಬೇಡಿ. ನಮ್ಮ ಜಿಲ್ಲೇಲಿ ಪರಿಹಾರ ಅಂದ್ರೆ ಆನೆ ತೋಟಕ್ಕೆ ನುಗ್ಗಿದಾಗ ಅರ್ಜಿ ಹಾಕೋದು, 2018ರ ಆಗಸ್ಟಲ್ಲಿ ಗುಡ್ಡ ಕುಸಿದ ಮೇಲೆ ಸರ್ಕಾರ ಕೊಟ್ಟಿದ್ದು. ಕೊಡೋನು ಮೇಲಿರ್ತಾನೆ, ಈಸ್ಕೊಳ್ಳೋನು ಕೈ ಚಾಚಿರ್ತಾನೆ. ಕರಾರಲ್ಲಿ ಹಾಗಲ್ಲ, ಸಹಿ ಹಾಕಿದೋನು ಇನ್ನೊಬ್ಬರ ನಷ್ಟ ತುಂಬಿಕೊಡ್ತೀನಿ ಅಂತ ಮೊದ್ಲೇ ಒಪ್ಕೊಂಡಿರ್ತಾನೆ. "ನಷ್ಟಭರ್ತಿ" ಸರಿ. ಸೈನಿಂಗ್ ಕಂಪನಿ (ನೋಟರಿಗೆ ಈ ಸಹಿ ಕೆಲ್ಸ ಕೊಡೋ ಕಂಪನಿ) ಕರಾರಲ್ಲಿ ಈ ಸಾಲು ಇದ್ರೆ ಓದದೇ ಸಹಿ ಹಾಕ್ಬಾರ್ದು, ಕಂಪನಿ ಮೇಲೆ ಬಿದ್ದ ಕೇಸಿನ ಖರ್ಚೂ ಇವರ ತಲೆಗೇ ಬರ್ಬಹುದು.

ಇಂಡಿಪೆಂಡೆಂಟ್ ಕಾಂಟ್ರಾಕ್ಟರ್‌ಗೆ ಗುತ್ತಿಗೆದಾರ ಅನ್ನೋದೂ ನಂಗೆ ಒಗ್ಗಲ್ಲ, ಇಲ್ಲಿ ಮೆಣಸಿನ ಫಸಲು ಗುತ್ತಿಗೆ ಹಿಡಿಯೋರು, ರೋಡ್ ಕಂಟ್ರಾಕ್ಟರು ಕಣ್ಣ್ ಮುಂದೆ ಬರ್ತಾರೆ, ಇಬ್ರಿಗೂ ಕೈ ಕೆಳಗೆ ಆಳಿರತ್ತೆ. ಈ ನೋಟರಿ ಒಬ್ರೇ. "ಸ್ವಂತ ಕಸುಬಿನ ನೋಟರಿ" ಅನ್ನಿ.

ಸೋಮವಾರಪೇಟೆಯಿಂದ:

ಕಸುಬೂ ಅರಬ್ಬಿಯೇ. ಒಂದು ನುಡಿ ತನ್ನ ಪದ ಬಿಟ್ಟು ಬೇರೆಯವರ ಹತ್ರ ಕೇಳೋಕೆ ಶುರು ಮಾಡಿದ್ರೆ ಕೊನೆ ಇಲ್ಲ. ಪೊಣೆ ಸಾವಿರ ವರ್ಷದಿಂದ ಇದೆ.

ವಿರಾಜಪೇಟೆಯಿಂದ:

ಕಸುಬು, ಜಾಮೀನು, ವಿಮೆ ಎಲ್ಲ ನಮ್ಮ ಅಜ್ಜಿಯಂದಿರ ಬಾಯಲ್ಲಿದ್ದ ಮಾತು, ಅಷ್ಟು ವರ್ಷ ಬಳಸಿದ್ಮೇಲೆ ಅದು ನಮ್ದೇ. ಪೊಣೆ ಯಾರ ಬಾಯಲ್ಲಿದೆ? ರಾತ್ರಿ ಹತ್ತು ಗಂಟೆಗೆ ಗಿರಾಕಿ ಮನೆಯಿಂದ ವಾಪಸ್ ಬಂದು ಕರಾರು ಓದೋನಿಗೆ ನಿಘಂಟು ಕೊಡೋದು ಯಾರು?

ಮಡಿಕೇರಿಯಿಂದ:

ಎಲ್ರಿಗೂ ಥ್ಯಾಂಕ್ಸ್. ಬಾಂಡ್‌ಗೆ "ಜಾಮೀನು ಬಾಂಡ್", ಜೈಲಿನ ಅರ್ಥ ಬರ್ದೇ ಇರ್ಲಿ ಅಂತ ಎರಡೂ ಸೇರಿಸ್ತಿದೀನಿ. ಲಯಬಿಲಿಟಿಗೆ ಹೊಣೆ, ಎರರ್ಸ್ ಅಂಡ್ ಒಮಿಷನ್ಸ್‌ಗೆ ಲೋಪದೋಷ ವಿಮೆ, ಇಂಡೆಮ್ನಿಟಿಗೆ ನಷ್ಟಭರ್ತಿ. ಸ್ವಂತ ಕಸುಬಿನ ನೋಟರಿ ತುಂಬಾ ಹಿಡಿಸ್ತು. ಮೊದಲ ಪುಟಕ್ಕೆ ಈ ಸಾಲು: "ಜಾಮೀನು ಬಾಂಡ್ ಕಾಯೋದು ನಿಮ್ಮ ತಪ್ಪಿನಿಂದ ನಷ್ಟವಾದವರನ್ನು, ನಿಮ್ಮನ್ನಲ್ಲ. ಬಾಂಡ್ ಕಂಪನಿ ಕಟ್ಟಿದ ಹಣವನ್ನು ನೀವು ವಾಪಸ್ ಕಟ್ಟಬೇಕು. ನಿಮ್ಮನ್ನು ಕಾಯಲು ಲೋಪದೋಷ ವಿಮೆ ಬೇರೆ ಮಾಡಿಸಿ." ವಿರಾಜಪೇಟೆಯವರು ಇದರಲ್ಲಿ ಕಾನೂನಿನ ಪ್ರಕಾರ ಏನಾದ್ರೂ ಹೆಚ್ಚುಕಮ್ಮಿ ಇದ್ರೆ ಬುಧವಾರ ಸಂಜೆ ಒಳಗೆ ಹೇಳಿ. ಇನ್ನೊಂದು ಉಳಿದಿದೆ, ಪಾಲಿಸಿಯಲ್ಲಿ "ಡಿಡಕ್ಟಿಬಲ್" ಅಂತ ಬರತ್ತೆ, ಕ್ಲೇಮಲ್ಲಿ ಮೊದಲ ಇಷ್ಟು ಡಾಲರ್ ನಾವೇ ಹಾಕ್ಬೇಕು ಅನ್ನೋದು. "ಕಡಿತ" ಅಂದ್ರೆ ಸಂಬಳ ಕಡಿತದ ತರ ಕೇಳಿಸತ್ತೆ. "ಸ್ವಂತ ಪಾಲು" ನಡಿಯತ್ತಾ?

ಸೋಮವಾರಪೇಟೆಯಿಂದ:

ಪಾಲು ಸರಿ. ಸ್ವಂತ ತೆಗೀರಿ, "ತನ್ನ ಪಾಲು" ಅನ್ನಿ.