ಮಾಡ್ಯುಲರ್ ಕಿಚನ್‌ಗೆ ಮೂರು ಕಡೆ ಕೊಟೇಶನ್ ತಗೊಂಡೆ, ಮೂರೂ ಬೇರೆ ಬೇರೆ. ಯಾವುದನ್ನು ನಂಬಲಿ?

ನವನಗರ_ಮನೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ನವನಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರ್ ಮುಗಿದಿದೆ, ಟೈಲ್ಸ್ ಇನ್ನೂ ಹಾಕಿಲ್ಲ. ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದೇವೆ. ಅಡುಗೆಮನೆ ಎಲ್ ಆಕಾರದ್ದು, ಒಂದು ಗೋಡೆ 10 ಅಡಿ, ಇನ್ನೊಂದು 7 ಅಡಿ.

ಗೋಕುಲ ರೋಡಿನ ಒಂದು ಶೋರೂಮ್‌ನವರು 3.40 ಲಕ್ಷ ಹೇಳಿದರು. ಅದೂ 30% ಡಿಸ್ಕೌಂಟ್ ಕಳೆದು, ಚಿಮಣಿ ಫ್ರೀ, ಆದರೆ ಈ ವಾರವೇ ಅಡ್ವಾನ್ಸ್ ಕೊಡಬೇಕಂತೆ. ಇನ್ನೊಬ್ಬರದು ಸ್ವಂತ ವರ್ಕ್‌ಶಾಪ್ ಇದೆ, ಅವರದು ಟ್ಯಾಕ್ಸ್ ಸೇರಿ 2.38 ಲಕ್ಷ. ಅವರ ಲೆಕ್ಕ ಹೀಗಿದೆ: ಒಟ್ಟು 96.5 ಚದರ ಅಡಿ, ಅಡಿಗೆ 1,450, ಡ್ರಾಯರಿನ ಬುಟ್ಟಿ, ಅದು ಓಡುವ ಚಾನೆಲ್ ಎಲ್ಲ ಸೇರಿ 62 ಸಾವಿರ, ಮೇಲೆ 18% ಜಿಎಸ್‌ಟಿ. ಮೂರನೆಯವರು ನಮ್ಮ ಓಣಿಯ ಬಡಿಗರು. ಪ್ಲೈ, ಸಾಮಾನು ನೀವೇ ತಂದುಕೊಡಿ, ಮಜೂರಿ ಮಾತಾಡೋಣ, ಎಲ್ಲ ಕೂಡಿ ಒಂದೂವರೆಯಿಂದ ಒಂದೂ ಮುಕ್ಕಾಲು ಆಗಬಹುದು ಅಂದರು.

ನಮ್ಮ ಮನೆಯವರು ಶೋರೂಮ್‌ನವರ ಹತ್ತಿರವೇ ಇನ್ನಷ್ಟು ಚೌಕಾಶಿ ಮಾಡೋಣ ಅಂತಾರೆ. ಅತ್ತೆಗೆ ಇದೆಲ್ಲ ಬೇಡವೇ ಬೇಡ, ರೊಟ್ಟಿ ಬಡಿಯೋಕೆ ಗಟ್ಟಿ ಕಟ್ಟೆ ಇದ್ದರೆ ಸಾಕು. ನನಗಂತೂ ಏನೂ ತಿಳಿಯುತ್ತಿಲ್ಲ. ಒಳ್ಳೆಯ ರೇಟು ಸಿಗೋಕೆ ಏನು ಮಾಡಬೇಕು ಹೇಳ್ರಿ.

ಪ್ಲೈ_ಪುರಾಣ

ಅಕ್ಕಾರ, ನಾನು ಗದಗದಲ್ಲಿ ಇದೇ ಕೆಲಸದಲ್ಲಿ ಇದ್ದೇನೆ. ನಿಮಗೆ ಏನೂ ಮಾರೋದಿಲ್ಲ, ಹೆದರಬೇಡಿ.

ಚೌಕಾಶಿ ಆಮೇಲೆ. ಮೊದಲು ಅವರು ಅಳತೆ ಹೇಗೆ ಹಿಡಿದಿದ್ದಾರೆ ನೋಡಿ. ವರ್ಕ್‌ಶಾಪಿನವರ 96.5 ಎಲ್ಲಿಂದ ಬಂತು ಅಂತ ನಾನು ಲೆಕ್ಕ ಹಾಕಿದೆ. ಕೆಳಗೆ 17 ಅಡಿ ಉದ್ದ, ಎರಡೂವರೆ ಅಡಿ ಎತ್ತರ, ಅಂದರೆ 42.5. ಮೇಲಿನ ಕಪಾಟು 10 ಅಡಿ, ಎತ್ತರ 2 ಅಡಿ, ಅದು 20. ಅದಕ್ಕೂ ಮೇಲೆ ಛಾವಣಿ ಹತ್ತಿರ ಬರುವ ಲಾಫ್ಟ್ 17 ಅಡಿಗೆ 2 ಅಡಿ, ಅದು 34. ಕೂಡಿಸಿದರೆ ಸರಿಯಾಗಿ 96.5. ಹೌದಲ್ವಾ?

ಈಗ ನೋಡಿ. 10 ಅಡಿ ಗೋಡೆ ಅಳೆಯುವಾಗಲೇ ಮೂಲೆ ಒಂದು ಸಲ ಬಂತು. 7 ಅಡಿ ಗೋಡೆಯನ್ನೂ ಮೂಲೆಯಿಂದಲೇ ಹಿಡಿದರೆ ಅದೇ 2 ಅಡಿ ಎರಡನೇ ಸಲ ಬರುತ್ತದೆ. ಕೆಳಗೆ 5 ಚದರ ಅಡಿ, ಲಾಫ್ಟ್‌ನಲ್ಲಿ 4. ಮೇಲೆ ಚಿಮಣಿ ಬರುವ ಕಡೆ 3 ಅಡಿ ಅಗಲ ಖಾಲಿ ಬಿಡುತ್ತಾರೆ, ಅಲ್ಲಿ ಕಪಾಟೇ ಇಲ್ಲ, ಆದರೂ 6 ಚದರ ಅಡಿ ಹಿಡಿದಿದ್ದಾರೆ. ಒಟ್ಟು 15 ಅಡಿ. 1,450ರಂತೆ 21,750, ಟ್ಯಾಕ್ಸ್ ಸೇರಿದರೆ 25 ಸಾವಿರ ದಾಟುತ್ತದೆ. ಇದು ಮೋಸ ಅಂತ ನಾನು ಹೇಳೋದಿಲ್ಲ, ನಮ್ಮ ಲೈನಿನಲ್ಲಿ ಬಹಳ ಜನ ಹೀಗೇ ಅಳೆಯುತ್ತಾರೆ, ಗಿರಾಕಿ ಕೇಳಿದರೆ ಬಿಡುತ್ತಾರೆ, ಕೇಳದಿದ್ದರೆ ಇಲ್ಲ.

ಇನ್ನೊಂದು ಮಾತು. ಲಾಫ್ಟ್ ಇರುವ ಕಡೆ ನಿಮ್ಮದು ಸಿಮೆಂಟಿನ ಸಜ್ಜಾ ಇದೆಯಾ? ಇದ್ದರೆ ಅಲ್ಲಿ ಡಬ್ಬಾ, ಅಂದರೆ ಬಾಗಿಲ ಹಿಂದಿನ ಪೆಟ್ಟಿಗೆ, ಮಾಡೋದೇ ಬೇಡ. ಫ್ರೇಮು, ಬಾಗಿಲು ಅಷ್ಟೇ. ಅದಕ್ಕೆ ಪೂರ್ತಿ 1,450 ಯಾಕೆ ಕೊಡಬೇಕು? ಬಾಗಿಲಿನ ರೇಟು ಬೇರೆ ಕೇಳಿ.

ಶೋರೂಮಿನ 3.40 ಲಕ್ಷದಲ್ಲಿ ಒಳಗಿನ ಡಬ್ಬಾ ಯಾವುದರದು ಅಂತ ಕೇಳಿದ್ದೀರಾ? ಪ್ಲೈನಾ, ಇಲ್ಲ ಮರದ ಚೂರು-ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಾ, ಎಂಡಿಎಫಾ? ಹೊರಗೆ ಹೊಳೆಯುವ ಅಕ್ರಿಲಿಕ್ ಇರುತ್ತದೆ, ಒಳಗೆ ಪಾರ್ಟಿಕಲ್ ಬೋರ್ಡ್ ಇರುತ್ತದೆ. ಸಿಂಕ್ ಕೆಳಗೆ ಒಂದು ಸಲ ನೀರು ನಿಂತರೆ ಅದು ಉಬ್ಬಿತು ಅಂತಲೇ ಲೆಕ್ಕ. ಸಿಂಕಿನ ಕಡೆಗಾದರೂ ನೀರು ತಡೆದುಕೊಳ್ಳುವ 710 ನಂಬರಿನ ಪ್ಲೈ ಇರಲಿ. ಶೀಟಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 710 ಅಂತ ಒತ್ತಿರುತ್ತಾರೆ, ಅಲ್ಲೇ ಸಿಎಂ/ಎಲ್ ಅಂತ ಒಂದು ಲೈಸೆನ್ಸ್ ನಂಬರೂ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ಬರುತ್ತದೆ. ಶೀಟು ಕತ್ತರಿಸುವ ಮುಂಚೆ ನೋಡಿ. ಮೇಲೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಎಲ್ಲ ಪ್ಲೈಯೂ ಒಂದೇ ಥರ ಕಾಣುತ್ತದೆ.

ಮಾಳಮಡ್ಡಿ_ಮನೆಯಾಕೆ

ನಿಮ್ಮ ಅತ್ತೆಯ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ದುಡ್ಡು ಉಳಿಯುವ ದಾರಿ ಅಲ್ಲೇ ಇದೆ.

ಡಿಸೈನ್ ಮಾಡುವ ಹುಡುಗರು ಕಟ್ಟೆ ಕೆಳಗೆ ಪೂರ್ತಿ ಡ್ರಾಯರ್ ತೋರಿಸುತ್ತಾರೆ. ನೋಡೋಕೆ ಚಂದ. ಆದರೆ ಬಿಲ್ ಏರೋದು ಡ್ರಾಯರಿನಿಂದಲೇ, ಬಾಗಿಲಿನ ಕಪಾಟಿನಿಂದ ಅಲ್ಲ. ನಮ್ಮಲ್ಲಿ ದಿನಾ ಜೋಳದ ರೊಟ್ಟಿ. ರೊಟ್ಟಿ ಬಡಿಯುವ ಜಾಗದ ಕೆಳಗೆ ಡ್ರಾಯರ್ ಇದ್ದರೆ ಒಳಗಿನ ಡಬ್ಬಿಗಳೆಲ್ಲ ಗಡಗಡ ಅನ್ನುತ್ತವೆ, ಮೇಲಿಂದ ಉದುರಿದ ಹಿಟ್ಟು ಚಾನೆಲ್ಲಿನ ಗ್ರೀಸಿಗೆ ಹತ್ತಿ ಹಿಟ್ಟಿನ ಪೇಸ್ಟ್ ಆಗುತ್ತದೆ, ಆಮೇಲೆ ಸಾಫ್ಟ್ ಕ್ಲೋಸ್ ಅನ್ನೋದು ಅರ್ಧಕ್ಕೇ ನಿಂತುಬಿಡುತ್ತದೆ. ಅಲ್ಲಿ ಎರಡು ಬಾಗಿಲಿನ ಕಪಾಟು ಮಾಡಿಸಿ. ಒಳಗೆ ಹಿಟ್ಟಿನ ದೊಡ್ಡ ಡಬ್ಬಿ, ವರ್ಷದ ಖಾರಪುಡಿ ಡಬ್ಬಿ ಇಡಬಹುದು. ಒಲೆಯ ಪಕ್ಕ ಮೂರು ಡ್ರಾಯರ್ ಇದ್ದರೆ ಸಾಕು: ಚಮಚ-ಸೌಟು, ತಟ್ಟೆ-ಬಟ್ಟಲು, ಪಾತ್ರೆ.

ಕಟ್ಟೆಯ ಎತ್ತರ ಸಾಮಾನ್ಯವಾಗಿ 34 ಇಂಚು ಹಿಡಿಯುತ್ತಾರೆ. ನಿಂತು ರೊಟ್ಟಿ ಬಡಿಯೋಕೆ ಗಿಡ್ಡ ಇರುವವರಿಗೆ ಅದು ಜಾಸ್ತಿ, ಭುಜ ಹಿಡಿದುಕೊಳ್ಳುತ್ತದೆ. 7 ಅಡಿ ಗೋಡೆಯ ಕಡೆ ಎರಡು ಮೂರು ಅಡಿ ಮಾತ್ರ 30 ಇಂಚಿಗೆ ಇಳಿಸಿ. ಅತ್ತೆಯನ್ನು ನಿಲ್ಲಿಸಿಯೇ ಅಳತೆ ತಗೊಳ್ಳಿ.

ಗ್ರಾನೈಟ್ ಕೊಟೇಶನ್‌ನಲ್ಲಿ ಸೇರಿದೆಯೋ ಇಲ್ಲವೋ ಕೇಳಿ, ಬಹಳ ಕಡೆ ಸೇರಿರೋದಿಲ್ಲ. ಅದನ್ನು ಕಿಚನ್‌ನವರ ಕಡೆಯಿಂದ ತಗೊಳ್ಳಲೂಬೇಡಿ. ನೇರ ಗ್ರಾನೈಟ್ ಅಂಗಡಿಗೆ ಹೋಗಿ ಸ್ಲ್ಯಾಬ್ ನೋಡಿ ಆರಿಸಿ, ಪಾಲಿಶ್, ಅಂಚು ತಿರುಗಿಸೋದು, ಸಿಂಕಿನ ತೂತು, ಎಲ್ಲದರ ರೇಟು ಮೊದಲೇ ಮಾತಾಡಿ.

ಹೊಳೆಯುವ ಬಾಗಿಲು ಬೇಡ. ಒಗ್ಗರಣೆ ಕೈ ತಾಗಿದರೆ ಐದೂ ಬೆರಳು ಕಾಣುತ್ತವೆ. 1 ಎಂಎಂ ಮ್ಯಾಟ್ ಲ್ಯಾಮಿನೇಟ್ ಸಾಕು, ದುಡ್ಡೂ ಕಡಿಮೆ.

ಹಾವೇರಿ_ಹೈದ

ಇಷ್ಟೆಲ್ಲ ಯಾಕ್ರೀ? ಕಟ್ಟೆ ಕೆಳಗೆ ಕಡಪಾ ಕಲ್ಲು ನಿಲ್ಲಿಸಿ ಖಾನೆ ಮಾಡಿಸಿ, ಮುಂದೆ ಬಡಿಗರ ಕಡೆಯಿಂದ ಫ್ರೇಮು, ಬಾಗಿಲು ಹಾಕಿಸಿ. ಕಲ್ಲಿಗೆ ಗೆದ್ದಲು ಹತ್ತೋದಿಲ್ಲ, ನೀರು ಬಿದ್ದರೂ ಉಬ್ಬೋದಿಲ್ಲ. ಡಬ್ಬಾದ ಪ್ಲೈ ಖರ್ಚೆಲ್ಲ ಉಳಿಯಿತು. ನಮ್ಮ ಮನೆಯಲ್ಲಿ ಹೀಗೇ ಇದೆ, ಹೊರಗಿಂದ ನೋಡಿದವರು ಮಾಡ್ಯುಲರ್ ಅಂತಲೇ ಅಂದುಕೊಳ್ಳುತ್ತಾರೆ.

ಬುಟ್ಟಿ ತಗೊಳ್ಳುವಾಗ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ, ಅಂಟದಿದ್ದರೆ ಸುಲಭಕ್ಕೆ ತುಕ್ಕು ಹಿಡಿಯದ 304 ಸ್ಟೀಲು.

ಪ್ಲೈ_ಪುರಾಣ

ಕಡಪಾ ಮಾತು ಒಪ್ಪಿದೆ, ನವನಗರದವರಿಗೂ ಸರಿಹೋಗುತ್ತದೆ. ಒಂದೇ ತೊಂದರೆ, ಕಲ್ಲಿಗೆ ನೇರವಾಗಿ ಡ್ರಾಯರ್ ಚಾನೆಲ್ ಕೂರಿಸೋದು ಕಷ್ಟ. ಡ್ರಾಯರ್ ಬರುವ ಖಾನೆಗೆ ಮಾತ್ರ ಎರಡು ಬದಿ ಪ್ಲೈ ಪಟ್ಟಿ ಕೊಡಬೇಕು. ಖಾನೆಯ ಅಗಲವೂ ಮೇಲೆ ಕೆಳಗೆ ಒಂದೇ ಇರಬೇಕು, ಸ್ವಲ್ಪ ಓರೆಯಾದರೂ ಬುಟ್ಟಿ ಓಡೋದಿಲ್ಲ. ಆದ್ದರಿಂದ ಕಲ್ಲು ನಿಲ್ಲಿಸುವ ಗೌಂಡಿಯ ಎದುರು ಬಡಿಗರೂ ಇರಲಿ.

ಮ್ಯಾಗ್ನೆಟ್ ಮಾತು ಮಾತ್ರ ನಂಬಬೇಡಿ. 202 ಸ್ಟೀಲಿಗೂ ಮ್ಯಾಗ್ನೆಟ್ ಅಂಟೋದಿಲ್ಲ. 202 ಅಗ್ಗ, ಉಪ್ಪು-ನೀರು ತಾಗುವ ಕಡೆ ಬೇಗ ಕಂದು ಚುಕ್ಕೆ ಬರುತ್ತದೆ. ಗುರುತಿಸೋಕೆ ಒಂದು ಟೆಸ್ಟಿಂಗ್ ಲಿಕ್ವಿಡ್ ಬರುತ್ತದೆ, ಒಂದು ಹನಿ ಹಾಕಿದರೆ 202 ಕೆಂಪಗಾಗುತ್ತದೆ. ಸ್ಟೀಲ್ ಅಂಗಡಿಯವರ ಹತ್ತಿರ ಇರುತ್ತದೆ. ಹಾಕಿ ತೋರಿಸಿ ಅನ್ನಿ, ಮುಖ ನೋಡಿದರೇ ಅರ್ಧ ಗೊತ್ತಾಗುತ್ತದೆ.

ಬಡಿಗರನ್ನೇ ಹಿಡಿದರೆ ಶೀಟಿನ ಲೆಕ್ಕ ಮೊದಲೇ ಬರೆಸಿಕೊಳ್ಳಿ. 8x4ರ ಒಂದು ಶೀಟು 32 ಚದರ ಅಡಿ. ಯಾವ ತುಂಡು ಯಾವ ಶೀಟಿನಲ್ಲಿ ಅಂತ ಚೀಟಿಯಲ್ಲಿ ಗೀಚಿ ತೋರಿಸುವ ಬಡಿಗ ಸಿಕ್ಕರೆ ಬಿಡಬೇಡಿ. ಮಜೂರಿಯನ್ನು ದಿನದ ಲೆಕ್ಕಕ್ಕೆ ಮಾತಾಡಬೇಡಿ, ಅಡಿ ಲೆಕ್ಕಕ್ಕೆ ಅಥವಾ ಗುತ್ತಿಗೆಗೆ ಮಾತಾಡಿ. ಬಾಗಿಲ ಅಂಚಿಗೆ ಪಟ್ಟಿ ಕೈಯಿಂದ ಅಂಟಿಸಿದರೆ ಒಲೆ ಹತ್ತಿರ ಬಿಟ್ಟುಕೊಳ್ಳುತ್ತದೆ, ಎಡ್ಜ್ ಬ್ಯಾಂಡಿಂಗ್ ಮಷಿನ್ ಇರುವ ಕಡೆ ಮಾಡಿಸಿಕೊಂಡು ಬರಲಿ.

ನವನಗರ_ಮನೆ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇದನ್ನೆಲ್ಲ ಬರೆದುಕೊಂಡು ವರ್ಕ್‌ಶಾಪಿನವರ ಹತ್ತಿರ ಹೋಗಿದ್ದೆ. ಮೂಲೆಯ 9 ಅಡಿ ಕೇಳಿದ ತಕ್ಷಣ ಬಿಟ್ಟರು. ಸಜ್ಜಾ ಇದೆ ಅಂದಿದ್ದಕ್ಕೆ ಲಾಫ್ಟ್‌ಗೆ 800 ರೇಟು ಮಾಡಿದರು. ಡ್ರಾಯರ್ ಕಡಿಮೆ ಮಾಡಿದ್ದರಿಂದ ಬುಟ್ಟಿ-ಚಾನೆಲ್ 44 ಸಾವಿರಕ್ಕೆ ಬಂತು. ಚಿಮಣಿ ಜಾಗದ 6 ಅಡಿ ಮಾತ್ರ ಬಿಡಲಿಲ್ಲ, ಪಕ್ಕದ ಕಪಾಟಿನ ಬದಿ ಫಿನಿಶಿಂಗ್ ಕೊಡಬೇಕಲ್ಲ ಅಂತಾರೆ. ಈಗ ಟ್ಯಾಕ್ಸ್ ಸೇರಿ 1.78 ಲಕ್ಷ ಚಿಲ್ಲರೆ.

ಶೋರೂಮ್‌ನವರಿಗೆ ಚಿಮಣಿ ಬೇಡ, ಅದರ ದುಡ್ಡು ಕಳೆದು ಹೇಳಿ ಅಂದೆ. ಮ್ಯಾನೇಜರ್ ಹತ್ತಿರ ಕೇಳಿ ಹೇಳುತ್ತೇವೆ ಅಂದವರು ಇನ್ನೂ ಫೋನ್ ಮಾಡಿಲ್ಲ. ಡಬ್ಬಾ ಪಾರ್ಟಿಕಲ್ ಬೋರ್ಡಿನದೇ ಅಂತೆ.

ಎರಡು ಪ್ರಶ್ನೆ ಉಳಿದಿವೆ. ಬಿಲ್ ಬೇಡ ಅಂದರೆ ಟ್ಯಾಕ್ಸಿನ 27 ಸಾವಿರ ಉಳಿಯುತ್ತದೆ ಅಂತ ವರ್ಕ್‌ಶಾಪಿನವರು ಮೆಲ್ಲಗೆ ಹೇಳಿದರು. ಮಾಡಬಹುದಾ? ಮತ್ತೆ ಅಡ್ವಾನ್ಸ್ ಎಷ್ಟು ಕೊಡಬೇಕು?

ರಸೀದಿ_ಇಟ್ಕೊಳ್ರಿ

ಬಿಲ್ ಬಿಡಬೇಡಿ. ಹಿಂಜು, ಚಾನೆಲ್ಲಿಗೆ ಕಂಪನಿಯವರು ವಾರಂಟಿ ಕೊಡುತ್ತಾರೆ, ಕ್ಲೇಮ್ ಮಾಡುವಾಗ ಮೊದಲು ಕೇಳೋದೇ ಬಿಲ್. ನಾಳೆ ಜಗಳ ಬಂತು ಅಂದರೆ 1915 ಗ್ರಾಹಕ ಸಹಾಯವಾಣಿಗೆ ಹೇಳಬಹುದು, ಜಿಲ್ಲಾ ಗ್ರಾಹಕ ಆಯೋಗ ಧಾರವಾಡದಲ್ಲೇ ಇದೆ, 5 ಲಕ್ಷದವರೆಗಿನ ಖರೀದಿಯ ದೂರಿಗೆ ಅಲ್ಲಿ ಫೀ ಕೂಡ ಇಲ್ಲ. ಆದರೆ ಕೊಂಡದ್ದಕ್ಕೆ ಕಾಗದವೇ ಇಲ್ಲದಿದ್ದರೆ ಏನಂತ ದೂರು ಕೊಡುತ್ತೀರಿ? ಟ್ಯಾಕ್ಸ್ ಕಾನೂನಿನ ಪ್ರಕಾರವೇ ಉಳಿಯಬೇಕು ಅಂದರೆ ಓಣಿಯ ಬಡಿಗರೇ ದಾರಿ. ಸಣ್ಣ ಬಡಿಗರಿಗೆ ಜಿಎಸ್‌ಟಿ ನೋಂದಣಿ ಇರೋದಿಲ್ಲ, ಮಜೂರಿಗೆ ಟ್ಯಾಕ್ಸ್ ಬರೋದಿಲ್ಲ. ಪ್ಲೈಗೆ ನೀವು ಅಂಗಡಿಯಲ್ಲಿ ಬಿಲ್ ಹಾಕಿಸಿದರಾಯಿತು.

ಬಿಲ್ಲಿನಲ್ಲಿ "ಮಾಡ್ಯುಲರ್ ಕಿಚನ್ ಒಂದು" ಅಂತ ಬರೆದರೆ ಪ್ರಯೋಜನ ಇಲ್ಲ. ಪ್ಲೈಯ ನಂಬರು ಮತ್ತು ದಪ್ಪ, ಲ್ಯಾಮಿನೇಟಿನ ಕೋಡ್, ಹಿಂಜು-ಚಾನೆಲ್ ಹೆಟಿಚ್‌ನದೋ ಎಬ್ಕೊದ್ದೋ, ಯಾವ ಮಾಡೆಲ್, ಎಷ್ಟು ಪೀಸು, ಎಲ್ಲ ಕೊಟೇಶನ್‌ನಲ್ಲಿ ಬರೆಸಿ ಸಹಿ ತಗೊಳ್ಳಿ. "ಬ್ರಾಂಡೆಡ್ ಹಾರ್ಡ್‌ವೇರ್" ಅನ್ನೋದು ಯಾವ ಬ್ರಾಂಡೂ ಅಲ್ಲ.

ಅಡ್ವಾನ್ಸ್ ಆದಷ್ಟು ಕಡಿಮೆ ಕೊಡಿ, ಹತ್ತು ಪರ್ಸೆಂಟ್ ಸಾಕು. ಡ್ರಾಯಿಂಗ್ ಒಪ್ಪಿದ ಮೇಲೆ ಅರ್ಧ, ಮಾಲು ಮನೆಗೆ ಬಂದ ಮೇಲೆ ಇನ್ನೊಂದಿಷ್ಟು. ಕೊನೆಯ ಹತ್ತು ಪರ್ಸೆಂಟ್ ಮಾತ್ರ ಎಲ್ಲ ಬಾಗಿಲು ಸಮ ಬಂದು, ಸಿಂಕಿಗೆ ನೀರು ಬಿಟ್ಟು ನೋಡಿದ ಮೇಲೆಯೇ. ಪೂರ್ತಿ ದುಡ್ಡು ಕೈಗೆ ಹೋದರೆ ಉಳಿದ ಒಂದು ಹ್ಯಾಂಡಲ್ ಹಾಕೋಕೂ ಅವರು ಬರೋದಿಲ್ಲ.

ಇನ್ನೊಂದು, ಆಷಾಢ ಹತ್ತಿರ ಬಂತು. ಆಗ ಗೃಹಪ್ರವೇಶ ಇಲ್ಲ, ಈ ಕೆಲಸದವರಿಗೆಲ್ಲ ಆರ್ಡರ್ ಕಡಿಮೆ. ನೀವು ಬೇಕಾದ್ದು ಶ್ರಾವಣಕ್ಕೆ, ಅಂದರೆ ಆಷಾಢದಲ್ಲಿ ಅವರ ಮಷಿನ್ ಖಾಲಿ ಕೂತಾಗ ನಿಮ್ಮ ಕೆಲಸ ನಡೆಯುತ್ತದೆ. ಚಿಮಣಿಯ 6 ಅಡಿ ಬಿಡಿಸಿಕೊಳ್ಳೋಕೆ ಇದೇ ಮಾತು ಹಿಡಿಯಿರಿ. ಆಷಾಢದಲ್ಲಿ ದುಡ್ಡು ಕೊಡೋದು ಅತ್ತೆಗೆ ಸರಿಬರದಿದ್ದರೆ ಅಡ್ವಾನ್ಸ್ ಅಮಾವಾಸ್ಯೆಗೆ ಮೊದಲೇ ಕೊಟ್ಟುಬಿಡಿ.

ಮಾಳಮಡ್ಡಿ_ಮನೆಯಾಕೆ

ವರ್ಕ್‌ಶಾಪಿನವರು 1.78ಕ್ಕೆ 710 ಪ್ಲೈ ಕೊಡುವುದಾದರೆ ನನಗೆ ಸರಿ ಅನಿಸುತ್ತದೆ. ಆದರೂ ಕಡಪಾ ಹಾಕಿ ಬಡಿಗರ ಕಡೆ ಮಾಡಿಸಿದರೆ ಎಷ್ಟಾಗುತ್ತದೆ ಅಂತ ಒಂದು ಲೆಕ್ಕ ಹಾಕಿಸಿ ನೋಡಿ. ಅತ್ತೆಯೂ ಒಪ್ಪುತ್ತಾರೆ.

ಪ್ಲೈ_ಪುರಾಣ

ಯಾರ ಕಡೆ ಮಾಡಿಸಿದರೂ ಟೈಲ್ಸ್‌ನವರು ಬರುವ ಮುಂಚೆ ಡ್ರಾಯಿಂಗ್ ಪಕ್ಕಾ ಮಾಡಿಕೊಳ್ಳಿ. ಸಿಂಕಿನ ಪೈಪು, ಫಿಲ್ಟರ್, ಮಿಕ್ಸರ್, ಫ್ರಿಜ್, ಚಿಮಣಿಯ ಪಾಯಿಂಟು, ಚಿಮಣಿ ಹೊಗೆ ಹೊರಗೆ ಹೋಗುವ ತೂತು, ಎಲ್ಲ ಈಗಲೇ ಆಗಬೇಕು. ಟೈಲ್ಸ್ ಆದ ಮೇಲೆ ಒಡೆದರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ. ಬಾಗಿಲಿನ ಕೊನೆಯ ಅಳತೆ ಮಾತ್ರ ಟೈಲ್ಸ್, ಗ್ರಾನೈಟ್ ಎರಡೂ ಕೂತ ಮೇಲೆಯೇ ತಗೊಳ್ಳಲಿ. ಡ್ರಾಯಿಂಗ್ ಕೊಟ್ಟ ಮೇಲೆ ಫೋಟೋ ಇಲ್ಲಿ ಹಾಕಿ, ಒಂದು ಸಲ ನೋಡಿ ಹೇಳುತ್ತೇನೆ.